ಜನವರಿ 1ರಂದು ಹುಟ್ಟಿದವರು

ಆಳಂದ ತಾಲ್ಲೂಕಿನ ನಮ್ಮ ಊರಿನಲ್ಲಿ ಪಕ್ಕದ ಮನೆಯ ಆಯಿಗೆ ವಯಸ್ಸೆಷ್ಟು ಅಂತ ಕೇಳಿದರೆ ಅಂಕಿ ಹೇಳುವುದಿಲ್ಲ. "ರಜಾಕಾರರ ಗದ್ಲದಾಗ ನಾ ಇನ್ನಾ ತೊಟ್ಲಾಗಿದ್ದೆ. ನಮ್ಮವ್ವ ನನ್ನ ಬಗಲಾಗ ಕಟಗೊಂಡು ತೊಗರಿ ಹೊಲದಾಗ ಅಡಗಿದ್ಳಂತ" ಅನ್ನುತ್ತಾರೆ. ಹೈದರಾಬಾದ್ ನಿಜಾಮನ ಪರ ನಿಂತಿದ್ದ ರಜಾಕಾರರ ಪಡೆಯ ಹಾವಳಿ ಮುಗಿದದ್ದು 1948ರ ಸೆಪ್ಟೆಂಬರ್‌ನಲ್ಲಿ. ಅಂದರೆ ಆಯಿ ಹುಟ್ಟಿದ್ದು ಹೆಚ್ಚೂಕಡಿಮೆ ಅದೇ ವರ್ಷ. ಲೆಕ್ಕ ಸುಲಭ, ಅಲ್ವಾ?

ಆಧಾರ್ ಕಾರ್ಡಿನಲ್ಲಿ ಮಾತ್ರ ಅವರು ಹುಟ್ಟಿದ್ದು 01/01/1957. 2012ರಲ್ಲಿ ಊರ ಶಾಲೆಯಲ್ಲಿ ಕ್ಯಾಂಪ್ ಆದಾಗ ಕಂಪ್ಯೂಟರ್ ಮುಂದೆ ಕೂತಿದ್ದ ಹುಡುಗ ಮುಖ ನೋಡಿ ಒಂದು ವರ್ಷ ಊಹಿಸಿದ. ತಾರೀಖಿನ ಜಾಗ ಖಾಲಿ ಬಿಡಬಾರದು ಅಂತ ಜನವರಿ ಒಂದು ಹಾಕಿದ. ಆಯಿಗೆ ಆ ದಿನ 64 ವರ್ಷ. 65 ತುಂಬಿದವರಿಗೆ ರಾಜ್ಯ ಕೊಡುವ ಸಂಧ್ಯಾ ಸುರಕ್ಷಾ ಪಿಂಚಣಿಗೆ ಮುಂದಿನ ವರ್ಷವೇ ಅರ್ಜಿ ಹಾಕಬಹುದಿತ್ತು. ಕಾರ್ಡಿನ ಪ್ರಕಾರ 65 ತುಂಬಿದ್ದು 2022ರಲ್ಲಿ. ಒಂಬತ್ತು ವರ್ಷ ಹಾಗೇ ಹೋಯಿತು. ತಿದ್ದಿಸಲು ಹೋದರೆ ಶಾಲೆಯ ಟಿ.ಸಿ. ಕೇಳಿದರು. ಶಾಲೆಯ ಮೆಟ್ಟಿಲೇ ಹತ್ತದವರು ಟಿ.ಸಿ. ಎಲ್ಲಿಂದ ತರುತ್ತಾರೆ?

ನಮ್ಮ ಕಡೆ ಊರೂರಲ್ಲೂ ಇಂಥ ಜನವರಿ ಒಂದರವರು ಸಿಗುತ್ತಾರೆ. ಮುದುಕರಿಗೆ ಸರ್ಕಾರ ಏನೇನು ಕೊಟ್ಟಿದೆ ಅನ್ನುವ ಪಟ್ಟಿ ಗೋಡೆ ಬರಹದಲ್ಲೂ ಸಿಗುತ್ತದೆ. ಅದು ಯಾಕೆ ಹೀಗೆ ತುಂಡು ತುಂಡಾಗಿ ಬಂತು, ಯಾರನ್ನು ನೋಡಿತು, ಯಾರನ್ನು ನೋಡಲೇ ಇಲ್ಲ ಅಂತ ತಿಳಿಯಬೇಕಾದರೆ ಸ್ವಲ್ಪ ಹಿಂದಕ್ಕೆ ಹೋಗಬೇಕು.

ಕಲಬುರಗಿ, ಬೀದರ್, ಯಾದಗಿರಿ ಆಗ ನಿಜಾಮನ ಸೀಮೆ. ದಿಕ್ಕಿಲ್ಲದ ಮುದುಕರಿಗೆ ಇದ್ದದ್ದು ಕಚೇರಿ ಅಲ್ಲ, ಪಂಕ್ತಿ. ಕಲಬುರಗಿಯಲ್ಲಿ ಶರಣಬಸವೇಶ್ವರರ ದಾಸೋಹ, ಬಂದೇನವಾಜರ ದರ್ಗಾ. ಅಲ್ಲಿ ಕೂತವರನ್ನು ಯಾರೂ ವಯಸ್ಸು ಕೇಳುತ್ತಿರಲಿಲ್ಲ. ಈಗಲೂ ಕೇಳುವುದಿಲ್ಲ. ಉಳಿದ ಭಾರವೆಲ್ಲ ಮನೆಯವರದ್ದೇ. ಗಂಡುಮಕ್ಕಳು ಹೊಲ ಹಂಚಿಕೊಂಡ ಹಾಗೆ ಅಪ್ಪ-ಅವ್ವನನ್ನೂ ಹಂಚಿಕೊಳ್ಳುತ್ತಿದ್ದರು. ಈ ತಿಂಗಳು ದೊಡ್ಡವನ ಪಾಳಿ, ಮುಂದಿನ ತಿಂಗಳು ಸಣ್ಣವನ ಪಾಳಿ. ಮೂವತ್ತೊಂದರ ತಿಂಗಳು ಬಂದರೆ ಆ ಒಂದು ದಿನ ಯಾರ ಮನೆಯಲ್ಲಿ ಊಟ ಅಂತ ಜಗಳ ಆಗಿದ್ದೂ ಉಂಟು.

1956ರಲ್ಲಿ ನಾವು ಮೈಸೂರು ರಾಜ್ಯಕ್ಕೆ ಸೇರಿದೆವು. ಮುಂದಿನ ದಶಕದ ನಡುವೆ ರಾಜ್ಯದ ವೃದ್ಧಾಪ್ಯ ವೇತನ ಶುರುವಾಯಿತು. ಜನ ಅದಕ್ಕೆ ಇಟ್ಟ ಹೆಸರು ಪಗಾರ. ನೌಕರಿ ಮಾಡದವರಿಗೂ ಪಗಾರ! ಪೋಸ್ಟ್‌ಮನ್ ಮನಿ ಆರ್ಡರ್ ತರುತ್ತಿದ್ದ, ಆಯಿಯರು ಹೆಬ್ಬೆಟ್ಟು ಒತ್ತಿ ತಗೊಳ್ಳುತ್ತಿದ್ದರು. ಚಹಾಕ್ಕೆ ಅಂತ ಅದರಲ್ಲಿ ಸ್ವಲ್ಪ ಮುರಿದುಕೊಳ್ಳುವುದೂ ನಡೆಯುತ್ತಿತ್ತು. ಆದರೂ ಹಣ ಮನೆ ಬಾಗಿಲಿಗೆ ಬರುತ್ತಿತ್ತು, ಕೈಯಲ್ಲಿ ನೋಟು ಎಣಿಸಬಹುದಿತ್ತು. ಇದನ್ನು ನೆನಪಿಡಿ.

ದೆಹಲಿ ಈ ಕೆಲಸಕ್ಕೆ ಕೈ ಹಾಕಿದ್ದು 1995ರ ಆಗಸ್ಟ್ 15ರಂದು. ತಿಂಗಳಿಗೆ 75 ರೂಪಾಯಿ. 65 ದಾಟಿರಬೇಕು, ನಿರ್ಗತಿಕರಾಗಿರಬೇಕು. ನಿರ್ಗತಿಕ ಅಂದರೆ ಸ್ವಂತ ದುಡಿಮೆಯೂ ಇಲ್ಲ, ಮನೆಯವರ ಆಸರೆಯೂ ಇಲ್ಲ ಅಂತ ಅರ್ಥ. ಅಂದರೆ ಪಗಾರ ಬೇಕಿದ್ದರೆ ಅವ್ವ ಏನು ಸಾಬೀತು ಮಾಡಬೇಕು? ಮಗ ನೋಡಿಕೊಳ್ಳುತ್ತಿಲ್ಲ ಅಂತ. ಊರ ಮುಂದೆ ಆ ಮಾತು ಆಡುವುದಕ್ಕಿಂತ ಉಪವಾಸವೇ ವಾಸಿ ಅಂದುಕೊಂಡವರು ಎಷ್ಟು ಜನವೋ. ಅದರ ಮೇಲೆ ಒಂದೊಂದು ರಾಜ್ಯಕ್ಕೆ ಇಷ್ಟೇ ಜನ ಅಂತ ಮಿತಿ ಬೇರೆ ಇತ್ತು. ಅರ್ಹತೆ ಇದ್ದೂ ಹೊರಗೆ ಉಳಿದವರಿಗಾಗಿ 2000ದಲ್ಲಿ ಅನ್ನಪೂರ್ಣ ಯೋಜನೆ ಬಂತು. ತಿಂಗಳಿಗೆ 10 ಕೆಜಿ ಧಾನ್ಯ, ಪುಕ್ಕಟೆ. ಪಗಾರ ಸಿಗದಿದ್ದರೆ ಕಾಳು ತಗೊಳ್ಳಿ ಅನ್ನುವ ಲೆಕ್ಕ.

ಆಮೇಲೆ ಬಂದದ್ದು 2007. ಈ ಒಂದು ವರ್ಷದಲ್ಲಿ ಆದಷ್ಟು ಕೆಲಸ ಮುದುಕರ ವಿಷಯದಲ್ಲಿ ಇನ್ಯಾವ ವರ್ಷವೂ ಆಗಿಲ್ಲ. ಕೇಂದ್ರ ತನ್ನ ಯೋಜನೆಗೆ ಇಂದಿರಾ ಗಾಂಧಿ ಹೆಸರು ಇಟ್ಟಿತು. ನಿರ್ಗತಿಕ ಅನ್ನುವ ಪದ ತೆಗೆದು ಬಡತನ ರೇಖೆಗಿಂತ ಕೆಳಗಿನವರು ಅಂತ ಬರೆಯಿತು. ಸಣ್ಣ ಬದಲಾವಣೆ ಅನಿಸಬಹುದು, ಆದರೆ ಮಗನ ಮಾನ ಕಳೆಯದೆ ಅವ್ವ ಅರ್ಜಿ ಹಾಕುವಂತಾಯಿತು. ರಾಜ್ಯದಲ್ಲಿ ಸಂಧ್ಯಾ ಸುರಕ್ಷಾ ಶುರುವಾಯಿತು. ಸಣ್ಣ ರೈತರು, ಕೂಲಿಕಾರರು, ನೇಕಾರರು, ಮೀನುಗಾರರು ಹೀಗೆ ಬದುಕಿಡೀ ದುಡಿದೂ ಪಿಂಚಣಿ ಇಲ್ಲದವರಿಗೆ ತಿಂಗಳಿಗೆ 400 ರೂಪಾಯಿ. ಮೊತ್ತ 2018ರಲ್ಲಿ 1,000 ಆಯಿತು, 2021ರಲ್ಲಿ 1,200.

ಕೇಂದ್ರದ ಪಾಲು? 75 ಇದ್ದದ್ದು 200 ಆಗಿ ಅಲ್ಲಿಗೇ ನಿಂತಿತು. 2011ರಲ್ಲಿ ವಯಸ್ಸಿನ ಮಿತಿ 60ಕ್ಕೆ ಇಳಿಯಿತು, 80 ದಾಟಿದವರಿಗೆ 500 ಅಂತ ಆಯಿತು, ಸರಿ. ಆದರೆ 80ರ ಒಳಗಿನವರಿಗೆ ಇವತ್ತಿಗೂ ಅದೇ 200. ತೊಗರಿಯ ಕಣಜ ಅನಿಸಿಕೊಂಡ ಕಲಬುರಗಿಯಲ್ಲೇ ಅದಕ್ಕೆ ಎರಡು ಕೆಜಿ ಬೇಳೆ ಸಿಗುವುದು ಕಷ್ಟ. ಉಳಿದದ್ದನ್ನು ರಾಜ್ಯ ಹಾಕುತ್ತದೆ ಅಂತ ಹೇಗೋ ನಡೆದಿದೆ.

2007ರ ಇನ್ನೊಂದು ಕೊಡುಗೆ ಪಾಲಕರ ಹಾಗೂ ಹಿರಿಯ ನಾಗರಿಕರ ಪೋಷಣೆ ಮತ್ತು ಕಲ್ಯಾಣ ಕಾಯ್ದೆ. ನಮ್ಮ ರಾಜ್ಯದಲ್ಲಿ ಜಾರಿಯಾದದ್ದು 2008ರ ಏಪ್ರಿಲ್‌ನಿಂದ. ಮಕ್ಕಳಿಂದ ಜೀವನಾಂಶ ಕೇಳುವ ಹಕ್ಕು ಅದಕ್ಕೂ ಮೊದಲೇ, 1973ರ ದಂಡ ಪ್ರಕ್ರಿಯಾ ಸಂಹಿತೆಯಲ್ಲೇ ಇತ್ತು. ಆದರೆ ಕೋರ್ಟು, ವಕೀಲರು, ತಾರೀಖಿನ ಮೇಲೆ ತಾರೀಖು. ಹೊಸ ಕಾಯ್ದೆ ಇದನ್ನು ಉಪವಿಭಾಗಾಧಿಕಾರಿಯ ಕಚೇರಿಗೆ ತಂದಿತು. ಜನರ ಬಾಯಲ್ಲಿ ಎ.ಸಿ. ಆಫೀಸ್. ಬಿಳಿ ಹಾಳೆಯಲ್ಲಿ ಬರೆದುಕೊಟ್ಟರೆ ಸಾಕು, ವಕೀಲರು ಬೇಕಿಲ್ಲ. 90 ದಿನದಲ್ಲಿ ತೀರ್ಮಾನ ಆಗಬೇಕು, ತೀರಾ ಆಗದಿದ್ದರೆ ಇನ್ನೊಂದು 30 ದಿನ. ತಿಂಗಳಿಗೆ 10,000 ರೂಪಾಯಿವರೆಗೆ ಕೊಡಿಸಬಹುದು. ಸಮಾಧಾನ ಆಗದಿದ್ದರೆ ಜಿಲ್ಲಾಧಿಕಾರಿ ಬಳಿ ಮೇಲ್ಮನವಿ. ಮಕ್ಕಳಿಲ್ಲದವರು ತಮ್ಮ ಆಸ್ತಿಗೆ ಮುಂದೆ ವಾರಸುದಾರರಾಗುವ ಸಂಬಂಧಿಕರ ಮೇಲೆ ಅರ್ಜಿ ಹಾಕಬಹುದು.

ಕಾಗದದ ಮೇಲೆ ಚೆನ್ನಾಗಿದೆ. ನೆಲದ ಮೇಲೆ ನೋಡಿ. ಕಲಬುರಗಿ ಜಿಲ್ಲೆಗೆ ಎ.ಸಿ. ಆಫೀಸ್ ಎರಡು, ಕಲಬುರಗಿ ಮತ್ತು ಸೇಡಂ. ಬೀದರ್ ಜಿಲ್ಲೆಗೆ ಬೀದರ್ ಮತ್ತು ಬಸವಕಲ್ಯಾಣ. ಯಾದಗಿರಿಗೆ ಒಂದೇ. ಹುಣಸಗಿಯ ಮುದುಕಿ ಮಗನ ಮೇಲೆ ದೂರು ಕೊಡಬೇಕಾದರೆ ಯಾದಗಿರಿವರೆಗೆ ಬರಬೇಕು. ಯಾರ ಜೊತೆ? ಅದೇ ಮಗನ ಜೊತೆಯಾ? ದೂರ ಹೋಗಲಿ, ಅದಕ್ಕಿಂತ ದೊಡ್ಡ ಅಡ್ಡಿ ಮನಸ್ಸು. ನಮ್ಮ ಓಣಿಯಲ್ಲಿ ಈ ಕಾಯ್ದೆಯ ಬಗ್ಗೆ ಹೇಳಿದಾಗ ಒಬ್ಬ ಮುತ್ಯಾ ಅಂದಿದ್ದು ಇಷ್ಟೇ: "ಮಗನ ಮ್ಯಾಲ ಕೇಸ್ ಹಾಕಿ, ಸಂಜೀಕ ಯಾರ ಮನಿಗೆ ಉಣ್ಣಾಕ ಹೋಗ್ಲೋ ತಮ್ಮಾ?"

ಆಸ್ತಿಯ ವಿಷಯದಲ್ಲಿ ಮಾತ್ರ ಈ ಕಾಯ್ದೆಗೆ ಹಲ್ಲಿದೆ. 23ನೇ ಕಲಂ ಪ್ರಕಾರ, ನೋಡಿಕೊಳ್ಳುತ್ತೇನೆ ಅನ್ನುವ ಷರತ್ತಿನ ಮೇಲೆ ಹೊಲ-ಮನೆ ಬರೆಸಿಕೊಂಡು ಕೈಬಿಟ್ಟರೆ ಆ ಪತ್ರ ರದ್ದು ಮಾಡಿಸಬಹುದು. ಷರತ್ತು ಇತ್ತು ಅಂತ ತೋರಿಸಲೇಬೇಕು ಎಂದು 2022ರಲ್ಲಿ ಸುಪ್ರೀಂ ಕೋರ್ಟ್ ಹೇಳಿತ್ತು. 2025ರ ಜನವರಿಯಲ್ಲಿ ಇನ್ನೊಂದು ಪ್ರಕರಣದಲ್ಲಿ, ಹಿರಿಯರಿಗೆ ಅನುಕೂಲವಾಗುವ ಹಾಗೆ ಕಾಯ್ದೆಯನ್ನು ಓದಬೇಕು ಅಂದಿತು. ಹಾಗಾಗಿ ಮಕ್ಕಳ ಹೆಸರಿಗೆ ದಾನಪತ್ರ ಮಾಡುವವರು ಯಾರೇ ಇರಲಿ, 'ಕೊನೆವರೆಗೂ ಊಟ, ಔಷಧ, ಆರೈಕೆ ನೋಡಿಕೊಳ್ಳತಕ್ಕದ್ದು' ಅನ್ನುವ ಸಾಲು ಬರೆಸದೆ ಸಹಿ ಹಾಕಬೇಡಿ. ಪತ್ರ ಬರೆಯುವವರು ತಾವಾಗಿ ಹೇಳುವುದಿಲ್ಲ, ನಾವೇ ಕೇಳಬೇಕು. 2025ರ ಮಾರ್ಚ್‌ನಲ್ಲಿ ಈ ಕಲಂ ಮತ್ತೆ ಸುದ್ದಿಯಾಯಿತು. ಅಪ್ಪ-ಅವ್ವನನ್ನು ಸರ್ಕಾರಿ ಆಸ್ಪತ್ರೆಯಲ್ಲಿ ಬಿಟ್ಟು ಮಾಯವಾಗುವ ಮಕ್ಕಳ ಮೇಲೆ ಇದನ್ನೇ ಬಳಸಿ ಅಂತ ಸೂಚನೆ ಕೊಟ್ಟವರು ವೈದ್ಯಕೀಯ ಶಿಕ್ಷಣ ಸಚಿವ ಶರಣಪ್ರಕಾಶ ಪಾಟೀಲ. ನಮ್ಮ ಸೇಡಂನವರೇ.

ಬಿಟ್ಟು ಹೋದವರ ಸುದ್ದಿ ಪೇಪರಿನಲ್ಲಿ ಬರುತ್ತದೆ. ಬಿಡದೆ ಕೂತವರ ಸುದ್ದಿ ಬರುವುದಿಲ್ಲ.

ಆಯಿಯ ಸೊಸೆಯನ್ನೇ ತಗೊಳ್ಳಿ. ಗಂಡ ಪುಣೆಯಲ್ಲಿ ಕಟ್ಟಡದ ಕೆಲಸಕ್ಕೆ ಹೋಗಿ ಹದಿನೈದು ವರ್ಷ ಆಯಿತು, ಹಬ್ಬಕ್ಕೆ ಬರುತ್ತಾನೆ. ನಮ್ಮ ಮೂರೂ ಜಿಲ್ಲೆಗಳಿಂದ ಪುಣೆ, ಮುಂಬೈ, ಹೈದರಾಬಾದ್, ಬೆಂಗಳೂರಿಗೆ ದುಡಿಯಲು ಹೋಗುವುದು ಹೊಸದೇನಲ್ಲ. ಊರಲ್ಲಿ ಉಳಿಯುವವರು ಮುದುಕರು, ಮಕ್ಕಳು ಮತ್ತು ಇಂಥ ಒಬ್ಬಳು ಸೊಸೆ. ಬೆಳಿಗ್ಗೆ ಐದಕ್ಕೆ ಏಳುತ್ತಾಳೆ. ಆಯಿಯನ್ನು ಎಬ್ಬಿಸಿ ಬಯಲಿಗೆ ಕರೆದೊಯ್ಯಬೇಕು, ಬಿಸಿನೀರು ಹಾಕಬೇಕು. ರೊಟ್ಟಿ ಅಗಿಯಲು ಆಗದ್ದರಿಂದ ಹಾಲಿನಲ್ಲಿ ಕಿವುಚಿ ತಿನ್ನಿಸಬೇಕು. ಬಿ.ಪಿ. ಗುಳಿಗೆ ಕೊಟ್ಟು ನುಂಗಿದ್ದಾರಾ ಅಂತ ಬಾಯಿ ತೆರೆಸಿ ನೋಡಬೇಕು. ಯಾಕಂದರೆ ಆಯಿ ಗುಳಿಗೆಯನ್ನು ದವಡೆಯಲ್ಲಿಟ್ಟುಕೊಂಡು ಆಮೇಲೆ ಉಗುಳುತ್ತಾರೆ. ಹೊಲದ ಕೂಲಿಗೆ ಹೋಗುವಾಗ ಹೊರಗಿನಿಂದ ಚಿಲಕ ಹಾಕುತ್ತಾಳೆ. ನೋಡಿದವರು ಬೈಯುತ್ತಾರೆ. ಚಿಲಕ ಹಾಕದ ದಿನ ಆಯಿ ತವರಿಗೆ ಹೊರಟು ನಿಂತಿದ್ದರು, ಐವತ್ತು ವರ್ಷದ ಹಿಂದೆ ಬಿದ್ದುಹೋದ ಮನೆಗೆ.

ಅರವತ್ತಕ್ಕೆ ಅರಳು ಮರಳು ಅನ್ನುತ್ತೇವೆ. ಈ ಗಾದೆ ಮಾಡಿದ ಹಾನಿ ಅಷ್ಟಿಷ್ಟಲ್ಲ. ಮರೆವು ಒಂದು ಕಾಯಿಲೆ, ಡಿಮೆನ್ಶಿಯಾ ಅಂತ ಅದಕ್ಕೆ ಹೆಸರಿದೆ, ಡಾಕ್ಟರಿಗೆ ತೋರಿಸಬಹುದು ಅನ್ನುವುದೇ ಹೊಳೆಯುವುದಿಲ್ಲ. ಹಿರಿಯರ ಆರೋಗ್ಯಕ್ಕೆ ಅಂತಲೇ ರಾಷ್ಟ್ರೀಯ ಕಾರ್ಯಕ್ರಮ ಶುರುವಾದದ್ದು 2010-11ರಲ್ಲಿ. ಅದರ ಲೆಕ್ಕದಲ್ಲಿ ಜಿಲ್ಲಾ ಆಸ್ಪತ್ರೆಯಲ್ಲಿ ಹಿರಿಯರಿಗೆ ಬೇರೆಯೇ 10 ಹಾಸಿಗೆಯ ವಾರ್ಡು, ಫಿಸಿಯೋಥೆರಪಿ, ಕೆಳಗಿನ ಆಸ್ಪತ್ರೆಗಳಲ್ಲಿ ಹಿರಿಯರಿಗೆ ಅಂತ ಗೊತ್ತಾದ ದಿನ ಇರಬೇಕು. ನಿಮ್ಮ ತಾಲ್ಲೂಕು ಆಸ್ಪತ್ರೆಯಲ್ಲಿ ಆ ದಿನ ಯಾವುದು ಅಂತ ಆಶಾ ಕಾರ್ಯಕರ್ತೆಯನ್ನು ಕೇಳಿ ನೋಡಿ. ಹೃದಯದ ಚಿಕಿತ್ಸೆಗೆ ಸೊಲ್ಲಾಪುರ, ಹೈದರಾಬಾದಿಗೆ ಓಡುವುದು ಮಾತ್ರ ನಿಜಕ್ಕೂ ಕಡಿಮೆಯಾಗಿದೆ. ಕಲಬುರಗಿಯ ಜಯದೇವ ಆಸ್ಪತ್ರೆಯ ಹೊಸ ಕಟ್ಟಡ 2024ರ ಡಿಸೆಂಬರ್‌ನಲ್ಲಿ ತೆರೆಯಿತು. ಹಾಸಿಗೆ 371. ನಮ್ಮ ಭಾಗಕ್ಕೆ ವಿಶೇಷ ಸ್ಥಾನ ಕೊಟ್ಟ ಸಂವಿಧಾನದ 371ಜೆ ಕಲಮಿನ ನೆನಪಿಗಂತೆ!

ಸೊಸೆಯ ಕಥೆಗೆ ಮರಳೋಣ. ಕಾನೂನಿಗೆ ಅವಳು ಕಾಣಿಸಿದ್ದು ಯಾವಾಗ ಗೊತ್ತಾ? 2007ರ ಕಾಯ್ದೆಯಲ್ಲಿ ಮಕ್ಕಳು ಅಂದರೆ ಮಗ, ಮಗಳು, ಮೊಮ್ಮಗ, ಮೊಮ್ಮಗಳು. ಸೊಸೆ ಇಲ್ಲ. 2019ರ ಡಿಸೆಂಬರ್‌ನಲ್ಲಿ ಲೋಕಸಭೆಗೆ ಬಂದ ತಿದ್ದುಪಡಿ ಮಸೂದೆ ಸೊಸೆ, ಅಳಿಯಂದಿರನ್ನೂ ಸೇರಿಸಲು ಹೊರಟಿತ್ತು. ಸಹಾಯ ಕೊಡುವುದಕ್ಕಲ್ಲ, ಹೊಣೆ ಹೊರಿಸುವುದಕ್ಕೆ. ಆ ಮಸೂದೆ ಪಾಸಾಗಲೂ ಇಲ್ಲ. ನೋಡಿಕೊಳ್ಳುವವರ ಕೈಗೆ ದುಡ್ಡು ಕೊಡುವ ಮಾತು ರಾಜ್ಯದ 2024-25ರ ಬಜೆಟ್‌ನಲ್ಲಿ ಬಂತು. ಸೆರೆಬ್ರಲ್ ಪಾಲ್ಸಿ, ಪಾರ್ಕಿನ್ಸನ್ಸ್‌ನಂಥ ನಾಲ್ಕು ಕಾಯಿಲೆಯವರ ಆರೈಕೆದಾರರಿಗೆ ತಿಂಗಳಿಗೆ 1,000 ರೂಪಾಯಿ. ಮರೆವಿನ ಕಾಯಿಲೆ ಆ ಪಟ್ಟಿಯಲ್ಲಿ ಇರಲಿಲ್ಲ.

ತಮಾಷೆ ಅಂದರೆ, ಆರೈಕೆ ಮಾಡುವವರಿಗೆ ಜಾಸ್ತಿ ಉಪಕಾರ ಆದದ್ದು ಅವರಿಗಾಗಿ ಮಾಡದ ಯೋಜನೆಯಿಂದ. 2023ರ ಜೂನ್‌ನಲ್ಲಿ ಹೆಂಗಸರಿಗೆ ಬಸ್ ಪುಕ್ಕಟೆ ಆದ ಮೇಲೆ ಆಯಿಯ ಮಗಳು ಚಿಂಚೋಳಿಯಿಂದ ಹದಿನೈದು ದಿನಕ್ಕೊಮ್ಮೆ ಬರುತ್ತಾಳೆ. ಮೊದಲು ವರ್ಷಕ್ಕೊಮ್ಮೆ ಪಂಚಮಿಗೆ ಬರುತ್ತಿದ್ದಳು. ಅವಳು ಬಂದ ಎರಡು ದಿನ ಸೊಸೆಗೆ ನಿದ್ದೆ. ಗೃಹಲಕ್ಷ್ಮಿಯ 2,000 ರೂಪಾಯಿ ಮಾತ್ರ ರೇಷನ್ ಕಾರ್ಡಿನ ಯಜಮಾನಿ ಆಯಿಯ ಖಾತೆಗೇ ಹೋಗುತ್ತದೆ. ಅದರ ಬಗ್ಗೆ ಬರೆದರೆ ನಮ್ಮ ಓಣಿಯಲ್ಲಿ ನಾನು ತಿರುಗಾಡುವುದು ಕಷ್ಟ.

ಈಗ ಮನಿ ಆರ್ಡರ್ ಇಲ್ಲ. ದುಡ್ಡು ಆಧಾರ್ ಜೋಡಿಸಿದ ಖಾತೆಗೆ ನೇರ ಬರುತ್ತದೆ. ನಡುವೆ ಮುರಿದುಕೊಳ್ಳುವವರು ಹೋದರು, ಒಳ್ಳೆಯದು. ಆದರೆ ಹಣ ತಗೊಳ್ಳಲು ಹೆಬ್ಬೆಟ್ಟು ಒತ್ತಬೇಕು. ಅರವತ್ತು ವರ್ಷ ಕಳೆ ಕಿತ್ತು, ತೊಗರಿ ಕೊಯ್ದ ಬೆರಳಲ್ಲಿ ಗೆರೆ ಎಲ್ಲಿರುತ್ತದೆ? ಪೋಸ್ಟ್‌ಮನ್‌ಗೆ ಸಾಕಾಗುತ್ತಿದ್ದ ಹೆಬ್ಬೆಟ್ಟನ್ನು ಮಷಿನ್ ಒಪ್ಪುವುದಿಲ್ಲ. ಹೋದ ತಿಂಗಳು ಆಯಿಯನ್ನು ಆಟೋದಲ್ಲಿ ಕೂರಿಸಿಕೊಂಡು ನಾನೂ ಹೋಗಿದ್ದೆ. ಮೂರು ಸಲ ಒತ್ತಿಸಿದರು, ಎಣ್ಣೆ ಹಚ್ಚಿ ಒರೆಸಿದರು. ನಾಲ್ಕನೇ ಸಲಕ್ಕೆ ಹಸಿರು ದೀಪ ಬಂತು. ಆಟೋಕ್ಕೆ 150 ರೂಪಾಯಿ.

ಹೊಸದಾಗಿ ಪಗಾರ ಬೇಕಿದ್ದವರು ನಾಡಕಚೇರಿಯಲ್ಲಿ ಅರ್ಜಿ ಹಾಕಬೇಕು, ತಲಾಠಿ ಬಂದು ನೋಡುತ್ತಾರೆ. ತಲಾಠಿ ಅನ್ನುವುದು ನಮ್ಮ ಮಾತು, ಈಗ ಅವರು ಗ್ರಾಮ ಆಡಳಿತಾಧಿಕಾರಿ. ಪಗಾರ ನಿಂತುಹೋದರೆ ಹೋಬಳಿ ಮಟ್ಟದ ಪಿಂಚಣಿ ಅದಾಲತ್‌ನಲ್ಲಿ ಕೇಳಬಹುದು. ಮನೆಯಲ್ಲಿ ಹಿಂಸೆ ಇದ್ದರೆ, ಅಥವಾ ಸುಮ್ನೆ ದಾರಿ ಕೇಳುವುದಿದ್ದರೂ, ಹಿರಿಯರ ಸಹಾಯವಾಣಿ 14567 ಬೆಳಿಗ್ಗೆ 8ರಿಂದ ರಾತ್ರಿ 8ರವರೆಗೆ ಇರುತ್ತದೆ. ನೋಡಿಕೊಳ್ಳುವವರೂ ಕರೆ ಮಾಡಬಹುದು. ಕಾನೂನಿನ ಸಹಾಯಕ್ಕೆ 15100. ಹೆಂಗಸರಾದರೆ ಆದಾಯ ಎಷ್ಟೇ ಇರಲಿ, ವಕೀಲರು ಪುಕ್ಕಟೆ.

ಆಟೋದಲ್ಲಿ ವಾಪಸು ಬರುವಾಗ ಸೊಸೆ ಪ್ಲಾಸ್ಟಿಕ್ ಚೀಲದಿಂದ ತನ್ನ ಆಧಾರ್ ಕಾರ್ಡನ್ನೂ ತೆಗೆದು ನನ್ನ ಕೈಗೆ ಕೊಟ್ಟಳು. "ಇದರಾಗ ಏನದ ನೋಡ್ರಿ ಅಣ್ಣಾ, ನಂಗ ಓದಾಕ ಬರಂಗಿಲ್ಲ." 01/01/1980. "ನಾ ಹುಟ್ಟಿದ್ದು ಬಾಹತ್ತರ ಬರ ಬಿದ್ದ ವರ್ಷ" ಅಂದಳು. ಅಂದರೆ 1972. ತಿದ್ದುಪಡಿಗೆ ಒಂದೇ ಅವಕಾಶ, ಸರಿಯಾದ ಕಾಗದ ಬೇಕು ಅಂದೆ. ಇವಳು ಎರಡನೇ ಇಯತ್ತೆವರೆಗೆ ಹೋಗಿದ್ದಳಂತೆ. ಶಾಲೆಯ ಹಳೆ ದಾಖಲೆ ಪುಸ್ತಕ ಹುಡುಕಿಸಲು ಸೋಮವಾರ ಅವಳ ತವರೂರಿಗೆ ಹೋಗುತ್ತಿದ್ದೇವೆ. ಆ ದಿನ ಆಯಿಯ ಹತ್ತಿರ ಕೂರಲು ಚಿಂಚೋಳಿಯಿಂದ ಮಗಳು ಬರುತ್ತಾಳೆ.