ಪಾದರಸ ಶುದ್ಧಿ ಮಾಡಿದ್ರೆ ವಿಷ ಹೋಗ್ತದಾ? (ಮತ್ತೆ ಅದೇ ಪ್ರಶ್ನೆ)

ಈ ಪ್ರಶ್ನೆ ಎಷ್ಟನೇ ಸಲ ಬಂತೋ ಲೆಕ್ಕ ಇಟ್ಟಿಲ್ಲ. ಪ್ರತಿ ಸಲ ಶಬ್ದ ಬೇರೆ, ಒಳಗಿನ ಆಸೆ ಒಂದೇ. ಈ ಸಲ ಸಿದ್ದಾಪುರ ಕಡೆಯ ಒಬ್ರು ಕೇಳಿದ್ದು ಹೀಗೆ: "ಸರ್, ನಂಗೆ ರಸವಿದ್ಯೆಯಲ್ಲಿ ಆಸಕ್ತಿ ಉಂಟು. ಅಜ್ಜನ ಕಾಲದ ಒಂದು ತಾಡೋಲೆ ಕಟ್ಟು ಮನೇಲಿದೆ, ಕೊಟ್ಟಿಗೆ ಪಕ್ಕ ಜಾಗನೂ ಇದೆ. ಯಾರಿಗೂ ತೊಂದ್ರೆ ಆಗದ ಹಾಗೆ ಜವಾಬ್ದಾರಿಯಿಂದ ಮಾಡ್ಬೇಕು ಅಂದ್ರೆ ನೀತಿ ನಿಯಮ ಎಂತ ಎಂತ? ಪಾದರಸ ಶುದ್ಧಿ ಮಾಡಿಯೇ ಬಳಸ್ತೇನೆ, ಹಾಗಾಗಿ ವಿಷದ ಭಯ ಇಲ್ಲ."

ನೀತಿ ನಿಯಮ ಕೇಳಿದ್ದು ನೋಡಿ ಖುಷಿ ಆಯ್ತು ಮಾರಾಯ್ರೆ, ಕೊನೆ ವಾಕ್ಯ ಓದಿ ತಲೆ ಮೇಲೆ ಕೈ ಇಟ್ಕೊಂಡೆ.

ರಸವಿದ್ಯೆ ಅಂದ್ರೆ ಪಾದರಸ, ಲೋಹ ಇಟ್ಕೊಂಡು ಚಿನ್ನ, ಮದ್ದು ಮಾಡ್ಲಿಕ್ಕೆ ಹೊರಟ ಹಳೇ ವಿದ್ಯೆ. ಮೊದ್ಲು ಚಿನ್ನದ ವಿಷಯ ಬೇಗ ಮುಗಿಸ್ತೇನೆ, ಯಾಕಂದ್ರೆ ಕೇಳದಿದ್ರೂ ಎಲ್ಲರ ಮನಸ್ಸಲ್ಲಿ ಇರೋದು ಅದೇ. ಪಾದರಸದ ಪರಮಾಣು ಸಂಖ್ಯೆ 80, ಚಿನ್ನದ್ದು 79. ಒಂದೇ ಒಂದು ಪ್ರೋಟಾನ್ ವ್ಯತ್ಯಾಸ, ಹೌದು, ಆದ್ರೆ ಆ ಪ್ರೋಟಾನ್ ಇರೋದು ಪರಮಾಣುವಿನ ಗರ್ಭದಲ್ಲಿ. ಬೆರಣಿ ಬೆಂಕಿ, ಕುಲುಮೆ, ಆ್ಯಸಿಡ್, ಮಂತ್ರ, ಇದ್ಯಾವುದೂ ಅಲ್ಲಿ ತನಕ ಹೋಗೋದೇ ಇಲ್ಲ, ಹೊರಗಿನ ಎಲೆಕ್ಟ್ರಾನ್ ಹತ್ರವೇ ನಿಲ್ತದೆ. ಸರ್ನ್‌ನ (ಯುರೋಪಿನ ಭೌತವಿಜ್ಞಾನ ಸಂಶೋಧನಾ ಕೇಂದ್ರ) ಅಷ್ಟು ದೊಡ್ಡ ಯಂತ್ರದಲ್ಲಿ ಸೀಸದಿಂದ ಚಿನ್ನ ಆದದ್ದು ನಿಜ, 2015ರಿಂದ 2018ರ ತನಕ ಆದದ್ದೆಲ್ಲ ಸೇರಿ 29 ಪಿಕೋಗ್ರಾಂ, ಅಂದ್ರೆ ಒಂದು ಗ್ರಾಮನ್ನ ಲಕ್ಷ ಕೋಟಿ ಪಾಲು ಮಾಡಿ ಅದ್ರಲ್ಲಿ 29 ಪಾಲು. ಯಾರಾದ್ರೂ ನಿಮ್ಮ ಕಣ್ಣೆದುರೇ ಮಾಡಿ ತೋರಿಸ್ತೇನೆ ಅಂತ ಬಂದ್ರೆ ಮೂಸೆಯ (ಲೋಹ ಕರಗಿಸೋ ಪಾತ್ರೆ) ತಳ ಮತ್ತು ಕದಡೋ ಕೋಲು ನೋಡಿ. ಎರಡು ತಳದ ಮೂಸೆ, ಒಳಗೆ ಚಿನ್ನದ ಪುಡಿ ತುಂಬಿ ಬಾಯಿಗೆ ಮೇಣ ಹಚ್ಚಿದ ಟೊಳ್ಳು ಕೋಲು, ಇವೆಲ್ಲ ಹಳೇ ಕಸುಬು. 1722ರಲ್ಲೇ ಜೊಫ್ರುವಾ ಅನ್ನೋ ಕೆಮಿಸ್ಟ್ ಪ್ಯಾರಿಸ್ ಅಕಾಡೆಮಿ ಎದುರು ಇಂಥ ಮೋಸಗಳ ಪಟ್ಟಿಯನ್ನೇ ಓದಿದ್ದ. ಮುಗೀತು.

ಈಗ ಶುದ್ಧಿ.

ಶುದ್ಧಿ ಅಂದ್ರೆ ಕಲ್ಮಶ ತೆಗೆಯೋದು, ಅಷ್ಟೇ. ನಮ್ಮ ಕಡೆಯವರಿಗೆ ಇದನ್ನ ಬಿಡಿಸಿ ಹೇಳ್ಬೇಕಾ? ಆಲೆಮನೆಯಲ್ಲಿ ಕಬ್ಬಿನ ಹಾಲು ಕುದಿಸುವಾಗ ಮೇಲೆ ಬರೋ ಕೊಳೆ ತೆಗೀತಾ ಹೋಗ್ತೇವಲ್ಲ, ಕೊಳೆ ತೆಗೆದು ಜೋನಿ ಬೆಲ್ಲ ಆದ ಮೇಲೆ "ಈಗ ಇದ್ರ ಸಿಹಿ ಹೋಯ್ತು" ಅಂತ ಯಾರಾದ್ರೂ ಹೇಳಿದ್ದು ಕೇಳಿದ್ದೀರಾ? ಪಾದರಸವೂ ಹಾಗೇ. ಶುದ್ಧಿ ಮಾಡಿದಷ್ಟೂ ಅದು ಇನ್ನೂ ಹೆಚ್ಚು ಪಾದರಸ ಆಗ್ತದೆ. ರಸಶಾಸ್ತ್ರದ ಗ್ರಂಥಗಳಲ್ಲಿ ಪಾದರಸದ ದೋಷಗಳ ಪಟ್ಟಿ ಉಂಟು, ಅದ್ರಲ್ಲಿ ನಾಗ, ವಂಗ ಅಂತ ಎರಡು ಬರ್ತದೆ. ನಾಗ ಅಂದ್ರೆ ಸೀಸ, ವಂಗ ಅಂದ್ರೆ ತವರ. ಮಾರೋವರು ಕಲಬೆರಕೆ ಮಾಡ್ತಿದ್ದ ಲೋಹಗಳು. ಸ್ವೇದನ, ಮರ್ದನ, ಪಾತನ ಅಂತೆಲ್ಲ ಬೇಯಿಸಿ, ಅರೆದು, ಆವಿ ಮಾಡಿ ಇಳಿಸಿದಾಗ ಈ ಸೀಸ ತವರ ಹಿಂದೆ ಉಳೀತದೆ, ಅದು ಒಳ್ಳೇ ಕೆಮಿಸ್ಟ್ರಿ, ನಾನು ಹೆಮ್ಮೆಯಿಂದಲೇ ಪಾಠ ಮಾಡ್ತಿದ್ದೆ. ಅದೇ ಪಟ್ಟಿಯಲ್ಲಿ ವಿಷ ಅಂತಲೂ ಒಂದು ದೋಷ ಉಂಟಲ್ಲ ಸರ್ ಅಂತ ಕೇಳೋರು ಇದ್ದಾರೆ. ಉಂಟು. ಆದ್ರೆ ಪಾದರಸದಿಂದ ಸೀಸ ತೆಗೀಬಹುದು, ಪಾದರಸದಿಂದ ಪಾದರಸವನ್ನ ತೆಗೆಯೋದು ಹೇಗೆ? ಅದ್ರ ವಿಷ ಅದಕ್ಕೆ ಅಂಟಿಕೊಂಡ ಕೊಳೆ ಅಲ್ಲ, ಅದ್ರ ಸ್ವಭಾವ.

ಇಷ್ಟು ಹೇಳಿದ ಮೇಲೆ ಬರೋ ಮುಂದಿನ ವಾದ ನಂಗೆ ಬಾಯಿಪಾಠ. "ನಮ್ಮ ಚಿಕ್ಕಪ್ಪ ಸಣ್ಣವನಿದ್ದಾಗ ಥರ್ಮಾಮೀಟರ್ ಕಚ್ಚಿ ಒಡೆದು ನುಂಗಿದ್ದ, ಇವತ್ತಿಗೂ ಗಟ್ಟಿಮುಟ್ಟು." ಇರಬಹುದು. ನುಂಗಿದ ಪಾದರಸ ಕರುಳಲ್ಲಿ ಹೀರಿಕೊಳ್ಳೋದು ತೀರಾ ತೀರಾ ಕಮ್ಮಿ, ಹೆಚ್ಚಾಗಿ ಹಾಗೇ ಹೊರಗೆ ಹೋಗ್ತದೆ. ಆದ್ರೆ ಅದ್ರ ಆವಿಯನ್ನ ಉಸಿರಾಡಿದ್ರೆ ಸುಮಾರು 80 ಪರ್ಸೆಂಟ್ ಶ್ವಾಸಕೋಶದಿಂದ ರಕ್ತಕ್ಕೆ ಹೋಗ್ತದೆ, ಅಲ್ಲಿಂದ ಮಿದುಳಿಗೆ. ಆ ಆವಿಗೆ ಬಣ್ಣ ಇಲ್ಲ, ವಾಸನೆ ಇಲ್ಲ. ಕೈ ನಡುಕ, ನಿದ್ದೆ ಬಾರದ್ದು, ಸುಮ್ಸುಮ್ನೆ ಸಿಟ್ಟು, ಮರೆವು, ಇದು ಶುರುವಾದಾಗ ಯಾರೂ ಕೊಟ್ಟಿಗೆ ಪಕ್ಕದ ಒಲೆಯನ್ನ ದೂರೋದಿಲ್ಲ, ವಯಸ್ಸಾಯ್ತು ಅಂತಾರೆ. ರಸವಿದ್ಯೆ ಮಾಡೋವರು ಪಾದರಸ ನುಂಗೋದಕ್ಕಿಂತ ಹೆಚ್ಚು ಮಾಡೋದು ಕಾಯಿಸೋದು. ಕುದಿಯೋದು 357 ಡಿಗ್ರಿಗೆ, ಆದ್ರೆ ಆವಿ ಆಗ್ಲಿಕ್ಕೆ ಅಷ್ಟು ತನಕ ಕಾಯೋದಿಲ್ಲ, ಕೋಣೆಯ ಶಾಖಕ್ಕೇ ಸ್ವಲ್ಪ ಸ್ವಲ್ಪ ಏಳ್ತಾ ಇರ್ತದೆ.

ನಾನೇನು ದೊಡ್ಡ ಸಾಚಾ ಅಲ್ಲ. ಪಾಠ ಮಾಡ್ಲಿಕ್ಕೆ ಸೇರಿದ ಹೊಸತರಲ್ಲಿ ಮಕ್ಕಳ ಅಂಗೈ ಮೇಲೆ ಪಾದರಸದ ಗುಂಡು ಉರುಳಿಸಿ "ನೋಡಿ ಹೇಗೆ ಓಡ್ತದೆ" ಅಂತ ತೋರಿಸಿದ್ದೆ, ಅರ್ಧ ಪಾಲು ಟೇಬಲ್ ಸಂದಿಗೆ ಹೋಯ್ತು, ಪೊರಕೆ ತಗೊಂಡು ಗುಡಿಸಿಸಿದೆ. ಪೊರಕೆ! ಗುಡಿಸಿದ್ರೆ ಅದು ಕಣ್ಣಿಗೆ ಕಾಣದಷ್ಟು ಸಣ್ಣ ಗುಂಡಾಗಿ ಕೋಣೆ ತುಂಬ ಹರಡ್ತದೆ, ಆವಿ ಇನ್ನೂ ಜಾಸ್ತಿ. ಕಿಟಕಿ ತೆಗೆದು, ಮಕ್ಕಳನ್ನ ಹೊರಗೆ ಕಳಿಸಿ, ದಪ್ಪ ಕಾಗದದಲ್ಲಿ ಒಟ್ಟು ಮಾಡಿ, ಚೂರುಪಾರನ್ನ ಟೇಪಿಗೆ ಅಂಟಿಸಿ ತೆಗೆದು, ಮುಚ್ಚಳ ಬಿಗಿ ಇರೋ ಬಾಟ್ಲಿಗೆ ಹಾಕ್ಬೇಕಿತ್ತು. ಆ ಮಕ್ಕಳು ಈಗ ನಲವತ್ತು ದಾಟಿದ್ದಾರೆ, ಸಿಕ್ಕಾಗೆಲ್ಲ ನಂಗೆ ನೆನಪಾಗ್ತದೆ.

ಮೂರನೇ ವಾದ ಸ್ವಲ್ಪ ತೂಕದ್ದು. "ಗಂಧಕ ಸೇರಿಸಿ ಅರೆದು ಕಜ್ಜಳಿ ಮಾಡಿದ್ರೆ ಅದು ಪಾದರಸ ಅಲ್ವಲ್ಲ." ಸರಿ, ಪೂರ್ತಿ ಸೇರಿದ್ರೆ ಅದು ಮರ್ಕ್ಯುರಿಕ್ ಸಲ್ಫೈಡ್, ಪಾದರಸದ ಅದಿರಾದ ಇಂಗಳೀಕದ ಜಾತಿಯದ್ದು, ನೀರಲ್ಲಿ ಕರಗೋದಿಲ್ಲ, ಬಿಡಿ ಪಾದರಸಕ್ಕೂ ಅದಕ್ಕೂ ಅಜಗಜಾಂತರ. ಆದ್ರೆ ಪೂರ್ತಿ ಸೇರಿದೆಯಾ ಅಂತ ಕೊಟ್ಟಿಗೆ ಪಕ್ಕ ಕೂತು ಹೇಗೆ ನೋಡ್ತೀರಿ? ಕಣ್ಣಿಗೆ ಹೊಳಪು ಕಾಣ್ಲಿಲ್ಲ ಅಂದ ಮಾತ್ರಕ್ಕೆ ಇಲ್ಲ ಅಂತ ಅಲ್ಲ. ಮತ್ತೆ ಅದನ್ನೇ ಗಾಳಿಯಲ್ಲಿ ಜೋರು ಕಾಯಿಸಿದ್ರೆ ಗಂಧಕ ಹೊಗೆಯಾಗಿ ಹೋಗಿ ಪಾದರಸ ವಾಪಸ್ ಆವಿಯಾಗಿ ಬರ್ತದೆ, ಗಣಿಯ ಅದಿರಿಂದ ಪಾದರಸ ತೆಗೆಯೋದೇ ಹೀಗೆ. ಲೈಸೆನ್ಸ್ ಇರೋ ಔಷಧ ತಯಾರಕರಿಗೇ ನಿಯಮ ಬಿಗಿ ಉಂಟು, ಸರ್ಕಾರದ ಡ್ರಗ್ಸ್ ಆ್ಯಂಡ್ ಕಾಸ್ಮೆಟಿಕ್ಸ್ ನಿಯಮಗಳ ಶೆಡ್ಯೂಲ್ ಇ(1) ಅನ್ನೋ ವಿಷವಸ್ತುಗಳ ಪಟ್ಟಿಯಲ್ಲಿ ಪಾರದ (ಪಾದರಸ), ಹಿಂಗುಲ (ಇಂಗಳೀಕ), ಹರಿತಾಳ (ಆರ್ಸೆನಿಕ್ ಖನಿಜ) ಎಲ್ಲ ಇದೆ, ವೈದ್ಯರ ಕಣ್ಗಾವಲಲ್ಲೇ ತಗೋಬೇಕು ಅಂತ. 2004ರಲ್ಲಿ ಪ್ರಕಟವಾದ ಒಂದು ಅಧ್ಯಯನಕ್ಕೆ ಅಮೆರಿಕದ ಬಾಸ್ಟನ್ ಸುತ್ತಿನ ಅಂಗಡಿಗಳಿಂದ 70 ಆಯುರ್ವೇದ ಉತ್ಪನ್ನ ತಂದು ಪರೀಕ್ಷೆ ಮಾಡಿದಾಗ 14ರಲ್ಲಿ ಸೀಸ, ಪಾದರಸ ಅಥವಾ ಆರ್ಸೆನಿಕ್ ಸಿಕ್ಕಿತ್ತು. ಅವು ಕಂಪನಿ ಮಾಲು, ಲೇಬಲ್ ಅಂಟಿಸಿದ್ದು. ನೀವು ಮನೇಲಿ ಅರೆದದ್ದಕ್ಕೆ ಲೇಬಲ್ ಕೂಡ ಇಲ್ಲ.

ಪಾರದ ಲಿಂಗದ ಬಗ್ಗೆಯೂ ಇಲ್ಲೇ ಹೇಳಿಬಿಡ್ತೇನೆ, ಮತ್ತೆ ಬೇರೆ ಮೆಸೇಜ್ ಬೇಡ. ಪಾದರಸ ಗಟ್ಟಿ ಆಗೋದು ಸೊನ್ನೆಗಿಂತ ಸುಮಾರು 39 ಡಿಗ್ರಿ ಕೆಳಗೆ. ನಮ್ಮ ಸೆಕೆಯಲ್ಲಿ ನಿಮ್ಮ ದೇವರ ಮಂಟಪದಲ್ಲಿ ಗಟ್ಟಿಯಾಗಿ ಕೂತಿದೆ ಅಂದ್ರೆ ಅದಕ್ಕೆ ತವರವೋ, ಸೀಸವೋ, ಬೆಳ್ಳಿಯೋ ಬೆರೆಸಿದ್ದಾರೆ ಅಂತಲೇ ಅರ್ಥ. ಪೂಜೆ ನಿಮ್ಮಿಷ್ಟ, ಅದ್ರ ಮೇಲೆ ಎರೆದ ಹಾಲನ್ನ ತೀರ್ಥ ಅಂತ ಮಕ್ಕಳಿಗೆ ಕೊಡ್ಬೇಡಿ.

ಇಷ್ಟೆಲ್ಲ ಆದ ಮೇಲೆ ನೀತಿ ಎಲ್ಲಿಂದ ಶುರು ಮಾಡ್ಬೇಕು? ಹೊರಗಿಂದ ತರೋದು ಬೇಡ, ರಸವಿದ್ಯೆಯ ಹಳೇ ಗ್ರಂಥ ರಸಾರ್ಣವದಲ್ಲೇ ಉಂಟು: ಯಥಾ ಲೋಹೇ ತಥಾ ದೇಹೇ. ಲೋಹದಲ್ಲಿ ಹೇಗೋ ದೇಹದಲ್ಲೂ ಹಾಗೆ. ಮೊದ್ಲು ಲೋಹದ ಮೇಲೆ ಪರೀಕ್ಷೆ ಮಾಡಿ ನೋಡು, ಆಮೇಲೆ ದೇಹಕ್ಕೆ ಕೊಡು ಅಂತ ಅದ್ರ ಕ್ರಮ. ಈಗಿನವರು ಈ ಶ್ಲೋಕವನ್ನ ಮದ್ದು ಮಾರ್ಲಿಕ್ಕೆ ಬಳಸ್ತಾರೆ, ನಂಗೆ ಅದು ಬ್ರೇಕ್ ಹಾಗೆ ಕಾಣ್ತದೆ. ನಿಮ್ಮ ರಸ ತಾಮ್ರವನ್ನ ಚಿನ್ನ ಮಾಡ್ತಾ? ಇಲ್ಲ. ಹಾಗಾದ್ರೆ ಶಾಸ್ತ್ರದ ಪ್ರಕಾರವೇ ನೀವು ಮೊದಲನೇ ಪರೀಕ್ಷೆಯಲ್ಲಿ ಫೇಲ್, ಎರಡನೇದಕ್ಕೆ ಹಾಲ್ ಟಿಕೆಟ್ ಇಲ್ಲ. ನೆಂಟರ ಮಂಡಿನೋವಿಗೆ, ಸ್ವಂತ ಸಕ್ಕರೆ ಕಾಯಿಲೆಗೆ ಕೂಡ ಇಲ್ಲ.

ರಸರತ್ನ ಸಮುಚ್ಚಯ ಅನ್ನೋ ಇನ್ನೊಂದು ಗ್ರಂಥದಲ್ಲಿ ರಸಶಾಲೆ, ಅಂದ್ರೆ ರಸವಿದ್ಯೆಯ ಪ್ರಯೋಗಶಾಲೆ, ಎಲ್ಲಿ ಕಟ್ಬೇಕು ಅಂತ ಬರ್ತದೆ. ಯಾವ ಬಾಧೆಯೂ ಇಲ್ಲದ, ಔಷಧಿ ಗಿಡ ತುಂಬಿದ, ಬಾವಿ ಇರೋ ರಮ್ಯ ಜಾಗ. ಅಂದ್ರೆ ಶಿರಸಿ ಸಿದ್ದಾಪುರದ ಯಾವ ತೋಟದ ಮನೆಯೂ ಆಗ್ತದೆ. ಆದ್ರೆ ಆ ಬಾವಿಯ ನೀರು ನಿಮ್ಮೊಬ್ರದ್ದಲ್ಲ. ತೊಳೆದ ನೀರು ತೋಟದ ಕಾಲುವೆಗೆ, ಅಲ್ಲಿಂದ ಹಳ್ಳಕ್ಕೆ, ಹಳ್ಳ ಅಘನಾಶಿನಿಗೆ. ಅಘನಾಶಿನಿ ಪಾಪ ತೊಳೀತಾಳೆ, ಪಾದರಸ ತೊಳೆಯೋದಿಲ್ಲ. ಅಳಿವೆಯ ಕೆಸರಲ್ಲಿ ಬ್ಯಾಕ್ಟೀರಿಯಾ ಅದನ್ನ ಮೀಥೈಲ್ ಮರ್ಕ್ಯುರಿ ಮಾಡ್ತದೆ, ಸಣ್ಣ ಮೀನಿಂದ ದೊಡ್ಡ ಮೀನಿಗೆ ಏರ್ತಾ ಏರ್ತಾ ಜಾಸ್ತಿ ಆಗ್ತದೆ. ಜಪಾನಿನ ಮಿನಮಾಟ ಕೊಲ್ಲಿಯಲ್ಲಿ 1956ರಲ್ಲಿ ಗೊತ್ತಾದ ಕಾಯಿಲೆ ಇದೇ, ಕಾರ್ಖಾನೆ ನೀರು, ಮೀನು ತಿಂದ ಜನ. ಕುಮಟೆ ಕಡೆ ನೀರಿಗಿಳಿದು ಬಳಚು (ಚಿಪ್ಪುಜೀವಿ) ತೆಗೆಯೋ ಹೆಂಗಸಿಗೆ ನಿಮ್ಮ ರಸವಿದ್ಯೆಯ ಆಸಕ್ತಿ ಗೊತ್ತೇ ಇಲ್ಲ. ಹಾಗಾಗಿ ನನ್ನ ಉತ್ತರ: ಪಾದರಸ, ಸೀಸ, ಹರಿತಾಳ, ಅದೇ ಜಾತಿಯ ಮನಶಿಲೆ ಮನೇಲಿ ಕಾಯಿಸೋದೇ ಬೇಡ. ಕೈ ಸುಮ್ನಿರೋದಿಲ್ಲ ಅಂದ್ರೆ ತಾಮ್ರದ ಪಾತ್ರೆಗೆ ಕಲಾಯಿ ಹೇಗೆ ಹಾಕ್ತಾರೆ, ನವಸಾಗರ ಯಾಕೆ ಬೇಕು ಅಂತ ಕಲಾಯಿಯವನ ಹತ್ರ ಕೂತು ನೋಡಿ, ಅದೂ ಲೋಹದ ವಿದ್ಯೆಯೇ. ಮಾಡಿದ್ದನ್ನ, ಕೆಟ್ಟದ್ದನ್ನೂ ಸೇರಿಸಿ, ಬರೆದಿಡಿ. ದುಡ್ಡು ಮಾತ್ರ ಯಾರಿಂದಲೂ ತಗೋಬೇಡಿ.

ಇನ್ನೊಂದು, ಇದನ್ನ ಯಾರೂ ಕೇಳಿಲ್ಲ. ನಮ್ಮ ಜಿಲ್ಲೆಯಲ್ಲಿ ನಿಜವಾದ ರಸವಿದ್ಯೆ ನಡೀತಾ ಇದೆ, ಕಾಳಿ ದಂಡೆಯ ಕೈಗಾ ಅಣು ವಿದ್ಯುತ್ ಸ್ಥಾವರದಲ್ಲಿ. ಅಲ್ಲಿ ಯುರೇನಿಯಂ 238 ಒಂದು ನ್ಯೂಟ್ರಾನ್ ನುಂಗಿ, ನೆಪ್ಟೂನಿಯಂ ಆಗಿ, ಕೆಲವು ದಿನದಲ್ಲಿ ಪ್ಲುಟೋನಿಯಂ ಆಗ್ತದೆ. ಒಂದು ಧಾತು ಇನ್ನೊಂದಾಗೋದು ಅಂದ್ರೆ ಇದು. 1901ರಲ್ಲಿ ವಿಜ್ಞಾನಿ ಸಾಡಿ ಇಂಥದ್ದೇ ಬದಲಾವಣೆ ಕಂಡು ಕುಣಿದಾಡಿದಾಗ ರುದರ್‌ಫೋರ್ಡ್ ಅದನ್ನ ಟ್ರಾನ್ಸ್‌ಮ್ಯುಟೇಶನ್ (ಧಾತು ಬದಲಾಗೋದು) ಅಂತ ಮಾತ್ರ ಹೇಳ್ಬೇಡ, ನಮ್ಮನ್ನ ರಸವಾದಿಗಳು ಅಂತ ತಲೆ ತೆಗೀತಾರೆ ಅಂದಿದ್ನಂತೆ. ನಮ್ಮ ಜನ ಕೈಗಾಕ್ಕೆ ಕೇಳಿದ ಪ್ರಶ್ನೆ ನೆನಪಿದೆಯಾ? ಉರಿಸಿ ಉಳಿದದ್ದನ್ನ ಎಲ್ಲಿ ಇಡ್ತೀರಿ ಅಂತ. ಒಳ್ಳೇ ಪ್ರಶ್ನೆ, ಪ್ಲುಟೋನಿಯಂ ಅರ್ಧಕ್ಕಿಳಿಲಿಕ್ಕೇ 24 ಸಾವಿರ ವರ್ಷ ಬೇಕು. ಪಾದರಸಕ್ಕೆ ಆ ಲೆಕ್ಕವೂ ಇಲ್ಲ, ಅದು ಅರ್ಧ ಆಗೋದೇ ಇಲ್ಲ, ಇದ್ದಷ್ಟು ಇದ್ದೇ ಇರ್ತದೆ. ಕೊಟ್ಟಿಗೆ ಪಕ್ಕದ ಒಲೆಗೆ ಆ ಪ್ರಶ್ನೆ ಯಾಕೆ ಕೇಳೋದಿಲ್ಲ?

ಸಿದ್ದಾಪುರದವರೇ, ನಿಮ್ಮ ತಾಡೋಲೆ ಬಗ್ಗೆ. ಅದು ತಿಗಳಾರಿ ಲಿಪಿಯಲ್ಲಿ ಇರೋ ಸಾಧ್ಯತೆ ಜಾಸ್ತಿ, ನಮ್ಮ ಕಡೆ ಹಳೇ ಕಟ್ಟುಗಳು ಸುಮಾರು ಹಾಗೇ. ಅಟ್ಟದ ತೇವದಿಂದ ಮೊದ್ಲು ಕೆಳಗಿಳಿಸಿ, ಬಿಸಿಲಿಗೆ ಹಾಕ್ಬೇಡಿ, ಗರಿಗಳನ್ನ ಎಳೆದು ಬಿಡಿಸ್ಬೇಡಿ, ಅಂಟಿಕೊಂಡಿದ್ರೆ ಹಾಗೇ ಇರಲಿ. ತಿಗಳಾರಿ ಓದೋವರು ಇನ್ನೂ ಇದ್ದಾರೆ, ಅವರಿಗೆ ತೋರಿಸಿ. ರಸವಿದ್ಯೆ ಅಂತ ನಿಮಗೆ ಹೇಳಿದ್ಯಾರೋ ಗೊತ್ತಿಲ್ಲ, ಓದಿಸಿದ್ರೆ ಅದು ಅಜ್ಜನ ಅಡಿಕೆ ಲೆಕ್ಕವೂ ಆಗಿರಬಹುದು.