ಕಾರಿನ ಪೆಟ್ರೋಲ್ ಹೋಗುವುದೆಲ್ಲಿಗೆ?

ಹೊಸ ಕಾರಿಗೆ ಕುಂಕುಮ ಹಚ್ಚಿ, ನಿಂಬೆಹಣ್ಣಿನ ಮೇಲೆ ಚಕ್ರ ಹತ್ತಿಸಿ ಮುಗಿಯುವಷ್ಟರಲ್ಲೇ ಯಾರಾದರೊಬ್ಬರು ಕೇಳಿಬಿಡುತ್ತಾರೆ: ‘ಎಷ್ಟು ಕೊಡುತ್ತೆ?’ ಹದಿಮೂರು ಅಂದರೆ ಮುಖ ಸಣ್ಣಗಾಗುತ್ತದೆ, ಇಪ್ಪತ್ತೆರಡು ಅಂದರೆ ತಲೆದೂಗುತ್ತಾರೆ. ಎರಡೂ ಉತ್ತರ ಒಂದೇ ಕಾರಿನದ್ದಾಗಿರಬಹುದು ಎಂಬುದು ಅಲ್ಲಿ ಯಾರಿಗೂ ಹೊಳೆಯುವುದಿಲ್ಲ.

ಬ್ರೋಷರಿನಲ್ಲಿ ಅಚ್ಚಾಗುವ ಮೈಲೇಜ್ ಅಂಕಿ ಸುಳ್ಳಲ್ಲ, ಆದರೆ ಅದು ಪ್ರಯೋಗಾಲಯದ ಅಂಕಿ. ವಾಹನಗಳನ್ನು ಪರೀಕ್ಷಿಸುವ ಪುಣೆಯ ಎಆರ್‌ಎಐನಂಥ ಸಂಸ್ಥೆಗಳಲ್ಲಿ ಕಾರಿನ ಚಕ್ರಗಳನ್ನು ದೊಡ್ಡ ಉರುಳೆಗಳ ಮೇಲೆ ನಿಲ್ಲಿಸಿ, ಮೊದಲೇ ಬರೆದಿಟ್ಟ ವೇಗದ ನಕ್ಷೆಯಂತೆ ಸುಮಾರು 20 ನಿಮಿಷ ಓಡಿಸುತ್ತಾರೆ. ಇಷ್ಟು ಸೆಕೆಂಡಿಗೆ ಇಷ್ಟು ವೇಗ, ಇಷ್ಟು ಹೊತ್ತು ನಿಲುಗಡೆ, ಮತ್ತೆ ಹೊರಡುವುದು. ಗರಿಷ್ಠ ವೇಗ ಗಂಟೆಗೆ 90 ಕಿಲೋಮೀಟರ್. ಎಸಿ ಹಾಕುವುದಿಲ್ಲ. ಆಕ್ಸಿಲರೇಟರ್ ತುಳಿಯುವುದೂ ಬಲು ಮೆತ್ತಗೆ. ಹಿಂದಿನಿಂದ ಬಸ್ಸಿನವನು ಹಾರ್ನ್ ಹೊಡೆಯುತ್ತಿರುವುದಿಲ್ಲವಲ್ಲ. ಎಲ್ಲ ಕಾರುಗಳಿಗೂ ಒಂದೇ ಪರೀಕ್ಷೆ ಆದ್ದರಿಂದ ಒಂದನ್ನು ಇನ್ನೊಂದರ ಜೊತೆ ಹೋಲಿಸಲು ಈ ಅಂಕಿ ಉಪಯುಕ್ತ. ನಿಮ್ಮ ಮನೆಯಿಂದ ಆಫೀಸಿಗೆ ಎಷ್ಟು ಖರ್ಚು ಎನ್ನುವುದಕ್ಕೆ ಅದರಲ್ಲಿ ಉತ್ತರವಿಲ್ಲ. ಆ ಉತ್ತರ ಬೇಕಿದ್ದರೆ ಒಂದು ಲೀಟರ್ ಪೆಟ್ರೋಲಿನ ಬೆನ್ನುಹತ್ತಿ ಹೋಗಬೇಕು.

ಈಗ ಬಂಕಿನಲ್ಲಿ ಸಿಗುವ, ನೂರಕ್ಕೆ 20ರಷ್ಟು ಎಥನಾಲ್ ಬೆರೆಸಿದ ಇ20 ಪೆಟ್ರೋಲಿನ ಒಂದು ಲೀಟರಿನಲ್ಲಿ ಸುಮಾರು 30 ಮೆಗಾಜೂಲ್ ಶಕ್ತಿ ಇರುತ್ತದೆ. ಎಥನಾಲ್ ಬೆರೆಸದ ಪೆಟ್ರೋಲಿನಲ್ಲಿ ಇದು 32ರ ಆಸುಪಾಸು. ಎಥನಾಲಿನ ಶಕ್ತಿ ಲೀಟರಿಗೆ ಮೂರನೇ ಒಂದು ಪಾಲು ಕಡಿಮೆ ಇರುವುದರಿಂದ ಈ ವ್ಯತ್ಯಾಸ. ಈ 30ರಲ್ಲಿ ಎಂಜಿನ್ ಚಕ್ರಕ್ಕೆ ತಲುಪಿಸುವುದು ಎಂಟೋ ಒಂಬತ್ತೋ ಮೆಗಾಜೂಲ್ ಮಾತ್ರ. ಮಿಕ್ಕಿದ್ದು ರೇಡಿಯೇಟರ್ ಮತ್ತು ಸೈಲೆನ್ಸರ್ ಮೂಲಕ ಬಿಸಿಯಾಗಿ ಹೊರಗೆ. ಚಕ್ರಕ್ಕೆ ಮುಟ್ಟಿದ ಆ ಚೂರನ್ನೇ ಗಾಳಿ, ಟೈರು, ಬ್ರೇಕು, ಏರು ಈ ನಾಲ್ವರು ಹಂಚಿಕೊಳ್ಳುತ್ತಾರೆ. ಯಾರಿಗೆ ಎಷ್ಟು ಪಾಲು ಎಂಬುದು ನೀವು ಓಡಿಸುವ ರಸ್ತೆಯ ಮೇಲೆ ನಿಂತಿದೆ.

ಬೆಂಗಳೂರಿನ ಹೊರವರ್ತುಲ ರಸ್ತೆಯಲ್ಲಿ ದೊಡ್ಡ ಪಾಲು ಬ್ರೇಕಿನದು. ಜನ ಸೇರಿ 1,300 ಕೆಜಿ ತೂಗುವ ಕಾರು ಗಂಟೆಗೆ 50 ಕಿಲೋಮೀಟರ್ ವೇಗ ಹಿಡಿದಾಗ ಅದರಲ್ಲಿ ಸುಮಾರು 125 ಕಿಲೋಜೂಲ್ ಚಲನಶಕ್ತಿ ಸೇರಿರುತ್ತದೆ. ಅದನ್ನು ಒದಗಿಸಲು ಉರಿದ ಪೆಟ್ರೋಲ್ ಹದಿನಾಲ್ಕರಿಂದ ಹದಿನಾರು ಮಿಲಿಲೀಟರ್, ಅಂದರೆ ಸುಮಾರು ಒಂದು ದೊಡ್ಡ ಚಮಚ. ಮುಂದೆ ಕೆಂಪು ದೀಪ ಬಿತ್ತು, ಬ್ರೇಕ್ ಒತ್ತಿದಿರಿ. ಆ ಚಮಚ ಪೂರ್ತಿ ಬ್ರೇಕ್ ಡಿಸ್ಕಿನ ಬಿಸಿಯಾಗಿ ಹೋಯಿತು. ಕಿಲೋಮೀಟರಿಗೆ ಎರಡು ಸಲ ಹೀಗಾದರೆ ನೂರು ಕಿಲೋಮೀಟರಿಗೆ ಸುಮಾರು ಮೂರು ಲೀಟರ್ ಬರೀ ನಿಲ್ಲಿಸುವುದಕ್ಕೇ ಖರ್ಚು. ಇದರ ಮೇಲೆ ಸಿಗ್ನಲಿನಲ್ಲಿ ನಿಂತಾಗ ಸಣ್ಣ ಪೆಟ್ರೋಲ್ ಎಂಜಿನ್ ಗಂಟೆಗೆ ಅರ್ಧದಿಂದ ಮುಕ್ಕಾಲು ಲೀಟರ್ ಕುಡಿಯುತ್ತದೆ, ಎಸಿ ಇದ್ದರೆ ಇನ್ನಷ್ಟು. ಚಲನಶಕ್ತಿ ತೂಕಕ್ಕೆ ನೇರ ಅನುಪಾತದಲ್ಲಿ ಇರುವುದರಿಂದ ಊರೊಳಗೆ ತೂಕವೇ ಶತ್ರು. ಅದೇ ರಸ್ತೆಯಲ್ಲಿ 1,800 ಕೆಜಿ ಎಸ್‌ಯುವಿ ಓಡಿಸುವವರು ಪ್ರತಿ ಸಿಗ್ನಲಿಗೂ ಸುಮಾರು ಒಂದೂವರೆ ಚಮಚ ಚೆಲ್ಲುತ್ತಿರುತ್ತಾರೆ.

ಹೆದ್ದಾರಿಗೆ ಬಂದರೆ ಲೆಕ್ಕ ಬದಲು. ಇಲ್ಲಿ ಬ್ರೇಕಿಗೆ ಕೆಲಸ ಕಡಿಮೆ, ಗಾಳಿಯದೇ ಕಾರುಬಾರು. ಗಾಳಿಯ ಎದುರೊತ್ತಡ ವೇಗದ ವರ್ಗದಂತೆ ಏರುತ್ತದೆ: ವೇಗ ಎರಡು ಪಟ್ಟಾದರೆ ಒತ್ತಡ ನಾಲ್ಕು ಪಟ್ಟು. ಅದೇ 1,300 ಕೆಜಿ ಕಾರನ್ನು ಇಟ್ಟುಕೊಂಡು, ಎಂಜಿನ್ನಿನ ದಕ್ಷತೆ ನೂರಕ್ಕೆ 28 ಎಂದು ಹಿಡಿದು ಕಾಗದದ ಮೇಲೆ ಲೆಕ್ಕ ಹಾಕಿದರೆ ಗಂಟೆಗೆ 80ರಲ್ಲಿ ಲೀಟರಿಗೆ 22 ಕಿಲೋಮೀಟರ್ ಸಿಗುತ್ತದೆ. 100ರಲ್ಲಿ ಅದು ಹದಿನಾರು ಹದಿನೇಳಕ್ಕೆ ಇಳಿಯುತ್ತದೆ. 120ರಲ್ಲಿ ಹದಿಮೂರಕ್ಕೆ. ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್‌ವೇಯಲ್ಲಿ ಕಾರುಗಳಿಗೆ 100ರ ಮಿತಿ ಇದೆ. ಅದನ್ನು ಪಾಲಿಸಿದರೆ ದಂಡ ಮತ್ತು ಪೆಟ್ರೋಲ್ ಎರಡೂ ಉಳಿಯುತ್ತವೆ. ಮೇಲೆ ಕ್ಯಾರಿಯರ್ ಕಟ್ಟಿ ಲಗೇಜ್ ಹೇರಿದರೆ ಈ ಅಂಕಿಗಳೆಲ್ಲ ಇನ್ನೂ ಕೆಳಗೆ. ಕ್ಯಾರಿಯರ್ ಖಾಲಿ ಇದ್ದರೂ ಗಾಳಿಗೆ ಅಡ್ಡವೇ, ಪ್ರವಾಸ ಮುಗಿದ ಮೇಲೆ ಬಿಚ್ಚಿಡುವುದು ಲೇಸು.

ಹಾಗಾಗಿ ಹೆದ್ದಾರಿಯಲ್ಲೇ ಹೆಚ್ಚು ಓಡಾಡುವ ಕುಟುಂಬಕ್ಕೆ ಎತ್ತರದ, ಚೌಕ ಮೂತಿಯ ಗಾಡಿ ದುಬಾರಿ. ತಗ್ಗಿನ ಸೆಡಾನ್ ಅಗ್ಗ. ಈಗಿನ ಫ್ಯಾಷನ್ ಮಾತ್ರ ಇದಕ್ಕೆ ಪೂರ್ತಿ ಉಲ್ಟಾ. ಇನ್ನೊಂದು ಸ್ವಾರಸ್ಯ: ಸಮುದ್ರಮಟ್ಟದಿಂದ 900 ಮೀಟರ್ ಮೇಲಿರುವ ಬೆಂಗಳೂರಿನಲ್ಲಿ ಗಾಳಿ ಮಂಗಳೂರಿಗಿಂತ ನೂರಕ್ಕೆ ಎಂಟರಷ್ಟು ತೆಳು. ಕಾರನ್ನು ತಡೆಯುವ ಗಾಳಿಯೂ ಕಡಿಮೆ, ಎಂಜಿನ್ ಉಸಿರಾಡುವ ಗಾಳಿಯೂ ಕಡಿಮೆ. ಗಾಳಿಯನ್ನು ಒತ್ತಿ ತುಂಬುವ ಟರ್ಬೊ ಇಲ್ಲದ ಎಂಜಿನ್ನಿಗೆ ಇಲ್ಲಿ ಪಿಕಪ್ ಸ್ವಲ್ಪ ಸಪ್ಪೆ ಎನಿಸಲು ಇದೂ ಒಂದು ಕಾರಣ.

ಇನ್ನು ಘಾಟಿ. ಸೋಮೇಶ್ವರದಿಂದ ಆಗುಂಬೆಗೆ 14 ಹೇರ್‌ಪಿನ್ ತಿರುವು ಸುತ್ತಿ ಸುಮಾರು ಐನೂರು ಮೀಟರ್ ಏರುವಾಗ, ಆ ಎತ್ತರವೊಂದಕ್ಕೇ ನಮ್ಮ ಕಾರು ಮುಕ್ಕಾಲು ಲೀಟರ್ ಪೆಟ್ರೋಲ್ ಸುಡುತ್ತದೆ. ಇಳಿಯುವಾಗ ವಾಪಸ್ ವಸೂಲಿ ಮಾಡಲು ಅನೇಕರು ಗೇರನ್ನು ನ್ಯೂಟ್ರಲ್‌ಗೆ ಹಾಕುತ್ತಾರೆ. ಇದಕ್ಕಿಂತ ಕೆಟ್ಟ ಉಳಿತಾಯ ಇನ್ನೊಂದಿಲ್ಲ. ಇಂದಿನ ಇಂಜೆಕ್ಷನ್ ಎಂಜಿನ್ನುಗಳಲ್ಲಿ ಗೇರ್ ಇದ್ದು ಆಕ್ಸಿಲರೇಟರಿನಿಂದ ಕಾಲು ತೆಗೆದರೆ ಪೆಟ್ರೋಲ್ ಪೂರೈಕೆ ಪೂರ್ತಿ ನಿಲ್ಲುತ್ತದೆ; ಉರುಳುವ ಚಕ್ರಗಳೇ ಎಂಜಿನ್ನನ್ನು ತಿರುಗಿಸುತ್ತವೆ. ನ್ಯೂಟ್ರಲ್‌ನಲ್ಲಿ ಎಂಜಿನ್ ಆರದಿರಲು ಪೆಟ್ರೋಲ್ ಬೇಕೇ ಬೇಕು. ಹಣವೂ ಹೋಯಿತು, ಎಂಜಿನ್ ಹಿಡಿತವೂ ಹೋಯಿತು, ಭಾರವೆಲ್ಲ ಬ್ರೇಕಿನ ಮೇಲೆ ಬಿದ್ದು ಅದು ಕಾದು ಕೈಕೊಡುವ ಅಪಾಯ ಬೇರೆ.

ಬ್ರೇಕಿನಲ್ಲಿ ಕಳೆಯುವ ಶಕ್ತಿಯನ್ನು ಹಿಡಿದಿಡುವುದೇ, ಎಂಜಿನ್ ಜೊತೆ ವಿದ್ಯುತ್ ಮೋಟಾರೂ ಇರುವ ಹೈಬ್ರಿಡ್ ಕಾರಿನ ಮುಖ್ಯ ಕಸುಬು. ಬಿಡದಿಯ ಕಾರ್ಖಾನೆಯಲ್ಲಿ ತಯಾರಾಗುವ ಟೊಯೊಟಾ ಹೈರೈಡರ್‌ನ ಸ್ಟ್ರಾಂಗ್ ಹೈಬ್ರಿಡ್ ಮಾದರಿಗೆ ಪರೀಕ್ಷೆಯಲ್ಲಿ ಸಿಕ್ಕ ಮೈಲೇಜ್ ಲೀಟರಿಗೆ 27.97 ಕಿಲೋಮೀಟರ್. ಅದರ ಸೋದರ ಮಾರುತಿ ಗ್ರ್ಯಾಂಡ್ ವಿಟಾರದ ಮಾಮೂಲಿ ಪೆಟ್ರೋಲ್ ಮಾದರಿಯದು 21 ಚಿಲ್ಲರೆ. ಹೈಬ್ರಿಡ್‌ನ ಮೋಟಾರ್ ಬ್ರೇಕ್ ಒತ್ತಿದಾಗ ಜನರೇಟರ್ ಆಗಿ ಬ್ಯಾಟರಿ ತುಂಬುತ್ತದೆ, ಸಿಗ್ನಲಿನಲ್ಲಿ ಎಂಜಿನ್ ತಾನೇ ಆರುತ್ತದೆ. ಎಂಜಿನ್ ಕೂಡ ಬೇರೆ ಜಾತಿಯದು: ಇಂಗ್ಲೆಂಡಿನ ಜೇಮ್ಸ್ ಅಟ್ಕಿನ್ಸನ್ 1880ರ ದಶಕದಲ್ಲಿ ರೂಪಿಸಿದ ತತ್ವದಂತೆ, ಅನಿಲವನ್ನು ಒತ್ತುವ ಹಂತಕ್ಕಿಂತ ಹಿಗ್ಗಿಸುವ ಹಂತ ಉದ್ದ. ಬಿಸಿಯಿಂದ ಹೆಚ್ಚು ಕೆಲಸ ಹಿಂಡಬಹುದು, ಆದರೆ ಹೊರಡುವಾಗ ಬಲ ಸಾಲದು; ಆ ಕೊರತೆಯನ್ನು ಮೋಟಾರ್ ತುಂಬುತ್ತದೆ.

ಆದರೆ ಬ್ಯಾಟರಿಯ ಗಾತ್ರ ನೋಡಿ. ಅದು ಮುಕ್ಕಾಲು ಯೂನಿಟ್ ವಿದ್ಯುತ್ತು ಹಿಡಿಸುವಷ್ಟು ಪುಟ್ಟದು. ಆಗುಂಬೆ ಇಳಿಯುವಾಗ ತಳ ಮುಟ್ಟುವ ಮೊದಲೇ ಅದು ತುಂಬಿಹೋಗುತ್ತದೆ, ಉಳಿದ ಇಳಿಜಾರಿನ ಶಕ್ತಿಗೆ ಜಾಗವಿಲ್ಲ. ಒಂದೇ ವೇಗದಲ್ಲಿ ಓಡುವ ಹೆದ್ದಾರಿಯಲ್ಲೂ ಹಿಡಿಯಲು ಏನೂ ಇರುವುದಿಲ್ಲ. ಹೈಬ್ರಿಡ್‌ನ ನಿಜವಾದ ಅಂಗಳ ಟ್ರಾಫಿಕ್ಕು. ಬ್ರೋಷರಿನ ಅಂಕಿಗಳನ್ನೇ ನಂಬಿದರೂ ಸಾವಿರ ಕಿಲೋಮೀಟರಿಗೆ ಉಳಿಯುವುದು 12 ಲೀಟರಿನ ಒಳಗೆ. ವರ್ಷಕ್ಕೆ 12,000 ಕಿಲೋಮೀಟರ್ ಓಡಿಸುವವರಿಗೆ, ಲೀಟರಿಗೆ ನೂರು ರೂಪಾಯಿಯಂತೆ, ಹದಿನಾಲ್ಕು ಸಾವಿರ. ಬೆಲೆಯಲ್ಲಿ ಎರಡು ಲಕ್ಷ ಹೆಚ್ಚು ಕೊಟ್ಟಿದ್ದರೆ ಅದು ವಾಪಸ್ ಬರಲು ಹದಿನಾಲ್ಕು ವರ್ಷ ಬೇಕು. ದಿನಾ ಮೂರು ಗಂಟೆ ಟ್ರಾಫಿಕ್ಕಿನಲ್ಲಿ ಕೂರುವವರಿಗೆ ಈ ಅವಧಿ ಸಾಕಷ್ಟು ಕುಗ್ಗುತ್ತದೆ, ಹುಬ್ಬಳ್ಳಿಯಿಂದ ತಿಂಗಳಿಗೊಮ್ಮೆ ದೂರದೂರಿಗೆ ಹೋಗಿಬರುವವರಿಗೆ ಕುಗ್ಗುವುದಿಲ್ಲ.

ಡೀಸೆಲ್ ಎಂಜಿನ್ ಇವತ್ತಿಗೂ ದಕ್ಷತೆಯಲ್ಲಿ ಮುಂದೆ. ಆದರೆ 2020ರ ಏಪ್ರಿಲ್‌ನಲ್ಲಿ ಬಿಎಸ್6 ಹೊಗೆ ನಿಯಮ ಬಂದ ಮೇಲೆ ಅದರ ಹೊಗೆಕೊಳವೆಯಲ್ಲಿ ಮಸಿ ಹಿಡಿಯುವ ಸೋಸಕ ಕೂತಿದೆ. ಅದು ತುಂಬಿದಾಗ ಮಸಿಯನ್ನು ಸುಟ್ಟುಹಾಕಲು ಗಾಡಿ ಬಿಸಿಯಾಗಿ ಸ್ವಲ್ಪ ಹೊತ್ತು ಒಂದೇ ಹದದಲ್ಲಿ ಓಡಬೇಕು. ಮಕ್ಕಳನ್ನು ಶಾಲೆಗೆ ಬಿಟ್ಟು, ತರಕಾರಿ ತಂದು, ಮನೆಗೆ ಮರಳುವ ಎರಡು ಮೂರು ಕಿಲೋಮೀಟರಿನ ಓಡಾಟದಲ್ಲಿ ಅದಕ್ಕೆ ಅವಕಾಶವಿಲ್ಲ; ಸೋಸಕ ಕಟ್ಟಿಕೊಂಡು ಎಚ್ಚರಿಕೆ ದೀಪ ಹತ್ತುತ್ತದೆ. ಸಿಎನ್‌ಜಿಯ ಮೈಲೇಜ್ ಅಂಕಿ ದೊಡ್ಡದಾಗಿ ಕಾಣುವುದು ಅದನ್ನು ಕೆಜಿಯಲ್ಲಿ ಅಳೆಯುವುದರಿಂದ. ಒಂದು ಕೆಜಿ ಅನಿಲದಲ್ಲಿ ಒಂದು ಲೀಟರ್ ಪೆಟ್ರೋಲಿಗಿಂತ ಒಂದೂವರೆ ಪಟ್ಟು ಶಕ್ತಿ ಇದೆ. ಹಾಗೆಂದು ಅದು ಮೋಸವೇನಲ್ಲ, ಕಿಲೋಮೀಟರಿನ ಖರ್ಚು ನಿಜಕ್ಕೂ ಕಡಿಮೆಯೇ. ಡಿಕ್ಕಿಯಲ್ಲಿ ಸಿಲಿಂಡರ್ ಕೂರುವುದರಿಂದ ಸೂಟ್‌ಕೇಸ್ ಎಲ್ಲಿಡುವುದು ಎಂಬುದಷ್ಟೇ ಸಮಸ್ಯೆ. ಮನೆಯ ಪಾರ್ಕಿಂಗಿನಲ್ಲೇ ಚಾರ್ಜಿಂಗ್ ಪಾಯಿಂಟ್ ಇರುವವರು ಈ ಪ್ಯಾರಾವನ್ನೇ ಬಿಟ್ಟು ವಿದ್ಯುತ್ ಕಾರಿನತ್ತ ನೋಡಬಹುದು. ಊರೊಳಗಿನ ಓಡಾಟಕ್ಕೆ ಅದರ ಮುಂದೆ ಯಾವ ಎಂಜಿನ್ನೂ ನಿಲ್ಲುವುದಿಲ್ಲ.

ಮೈಲೇಜ್ ಅಂಕಿಯಲ್ಲೇ ಇನ್ನೊಂದು ಮರೆಮೋಸ ಇದೆ. ಹನ್ನೆರಡು ಕೊಡುವ ಕಾರು ಮಾರಿ ಹದಿನೈದರದ್ದು ತಂದವರಿಗೆ ಲಾಭ ಹೆಚ್ಚೋ, ಇಪ್ಪತ್ತರದ್ದು ಮಾರಿ ಇಪ್ಪತ್ತೈದರದ್ದು ತಂದವರಿಗೋ? ಎರಡನೆಯವರಿಗೆ ಎಂದೇ ಅನಿಸುತ್ತದೆ. ಸಾವಿರ ಕಿಲೋಮೀಟರಿಗೆ ಮೊದಲನೆಯವರಿಗೆ ಸುಮಾರು 17 ಲೀಟರ್ ಉಳಿಯುತ್ತದೆ, ಎರಡನೆಯವರಿಗೆ 10. ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದ ರಿಚರ್ಡ್ ಲಾರಿಕ್ ಮತ್ತು ಜ್ಯಾಕ್ ಸೋಲ್ 2008ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಈ ಭ್ರಮೆಯ ಬಗ್ಗೆ ಬರೆದಿದ್ದರು. ಯುರೋಪಿನವರು ನೂರು ಕಿಲೋಮೀಟರಿಗೆ ಎಷ್ಟು ಲೀಟರ್ ಎಂದು ಅಳೆಯುವುದರಿಂದ ಈ ಗೊಂದಲದಿಂದ ಪಾರು. ಇಪ್ಪತ್ತೈದರ ಮೇಲಿನ ಒಂದೊಂದು ಅಂಕಿಗೂ ಜಾಸ್ತಿ ಹಣ ಸುರಿಯುವ ಮೊದಲು ಈ ಭಾಗಾಕಾರ ಮಾಡಿಕೊಳ್ಳುವುದು ಒಳ್ಳೆಯದು.

ನನ್ನ ಮಟ್ಟಿಗೆ ಕುಟುಂಬದ ಕಾರಿನಲ್ಲಿ ಇದಕ್ಕಿಂತ ದೊಡ್ಡ ವಿಷಯ ಹಿಂದಿನ ಸೀಟು. ಅಲ್ಲೂ ಭೌತವಿಜ್ಞಾನವೇ. ಸ್ಪ್ರಿಂಗುಗಳ ಮೇಲೆ ಕೂತ ಕಾರಿನ ಒಡಲು ಸೆಕೆಂಡಿಗೆ ಒಂದರಿಂದ ಒಂದೂವರೆ ಸಲ ಮೇಲೆ ಕೆಳಗೆ ತೂಗುವಂತೆ ವಿನ್ಯಾಸ ಮಾಡಿರುತ್ತಾರೆ. ನಾವು ನಡೆಯುವಾಗ ಮೈ ಕುಲುಕುವ ಲಯವೂ ಹೆಚ್ಚುಕಡಿಮೆ ಅಷ್ಟೇ ಆದ್ದರಿಂದ ದೇಹಕ್ಕೆ ಅದು ಹಿತ. ಸೆಕೆಂಡಿಗೆ ನಾಲ್ಕರಿಂದ ಎಂಟು ಸಲದ ಕಂಪನ ಮಾತ್ರ ಹೊಟ್ಟೆ, ಬೆನ್ನು ಎರಡಕ್ಕೂ ಆಗದು. ಸ್ಪ್ರಿಂಗಿನ ಲಯ ಅದರ ಬಿಗಿ ಮತ್ತು ಮೇಲಿನ ಭಾರ ಎರಡರ ಮೇಲೂ ಅವಲಂಬಿಸಿದೆ. ಏಳು ಸೀಟಿನ ಗಾಡಿಯ ಹಿಂದಿನ ಸ್ಪ್ರಿಂಗು ಏಳು ಜನರ ಭಾರಕ್ಕೆ ಬಿಗಿಯಾಗಿರುತ್ತದೆ. ಇಬ್ಬರೇ ಹೋದರೆ ಪ್ರತಿ ಹಂಪಿನಲ್ಲೂ ಎತ್ತಿ ಕುಕ್ಕುತ್ತದೆ. ಹಬ್ಬಕ್ಕೆ ಬರುವ ನೆಂಟರಿಗಾಗಿ ವರ್ಷವಿಡೀ ಆ ಕುಕ್ಕು, ಆ ತೂಕದ ಪೆಟ್ರೋಲು. ಹಬ್ಬದ ಎರಡು ದಿನ ಬಾಡಿಗೆ ಗಾಡಿ ಮಾಡಿದರೆ ಆಗದೇ?

ಘಾಟಿಯಲ್ಲಿ ಮಕ್ಕಳು ವಾಂತಿ ಮಾಡಿಕೊಳ್ಳುವುದಕ್ಕೆ ಕಾರಣ ಇನ್ನೂ ನಿಧಾನದ ಓಲಾಟ: ಎರಡರಿಂದ ಹತ್ತು ಸೆಕೆಂಡಿಗೊಮ್ಮೆ ಬರುವಂಥದ್ದು. ಒಳಕಿವಿ ‘ಓಲುತ್ತಿದ್ದೇವೆ’ ಎನ್ನುತ್ತದೆ, ಮುಂದಿನ ಸೀಟಿನ ಬೆನ್ನನ್ನೋ ಮೊಬೈಲನ್ನೋ ನೋಡುತ್ತಿರುವ ಕಣ್ಣು ‘ಇಲ್ಲ’ ಎನ್ನುತ್ತದೆ. ಈ ಜಗಳವೇ ಹೊಟ್ಟೆ ತೊಳಸುವುದಕ್ಕೆ ಮೂಲ. ಚಾರ್ಮಾಡಿಯಂಥ ಕಡೆ ಎತ್ತರದ ಗಾಡಿ ತಿರುವಿನಲ್ಲಿ ಹೆಚ್ಚು ವಾಲುತ್ತದೆ, ಹಿಂಬದಿ ಕಿಟಕಿ ಚಿಕ್ಕದಾದರೆ ಮಕ್ಕಳಿಗೆ ಹೊರಗಿನ ರಸ್ತೆಯೇ ಕಾಣದು. ದೊಡ್ಡ ಅಲಾಯ್ ವೀಲಿನ ಮೋಹವೂ ಹಿಂದಿನ ಸೀಟಿನವರಿಗೆ ಭಾರವೇ. ವೀಲ್ ದೊಡ್ಡದಾದಂತೆ ಟೈರಿನ ರಬ್ಬರ್ ಗೋಡೆ ಕಿರಿದಾಗುತ್ತದೆ, ಗುಂಡಿಯ ಏಟು ಸೀದಾ ಒಳಗೆ ಬರುತ್ತದೆ. ಒಂದೇ ಕಾರಿನ ಮೇಲಿನ ವೇರಿಯಂಟಿಗಿಂತ ಕೆಳಗಿನ ವೇರಿಯಂಟು ಹಿತವಾಗಿರುವುದು ಎಷ್ಟೋ ಸಲ ಇದೇ ಕಾರಣಕ್ಕೆ.

ಜಾಗದ ವಿಷಯದಲ್ಲಿ ನಮ್ಮ ಕಾರುಗಳ ಆಕಾರ ತೀರ್ಮಾನಿಸಿದ್ದು ಬಹುಮಟ್ಟಿಗೆ ತೆರಿಗೆ. ನಾಲ್ಕು ಮೀಟರ್ ಒಳಗಿನ ಉದ್ದ, 1,200 ಸಿಸಿ ಒಳಗಿನ ಪೆಟ್ರೋಲ್ ಅಥವಾ 1,500 ಸಿಸಿ ಒಳಗಿನ ಡೀಸೆಲ್ ಎಂಜಿನ್ ಇದ್ದರೆ 2025ರ ಸೆಪ್ಟೆಂಬರ್ 22ರಿಂದ ಜಿಎಸ್‌ಟಿ ನೂರಕ್ಕೆ 18, ದಾಟಿದರೆ 40. ಮೊಂಡು ಹಿಂಬದಿಯ ಪುಟ್ಟ ಸೆಡಾನುಗಳು ಹುಟ್ಟಿದ್ದೇ ಈ ಗೆರೆಯೊಳಗೆ ಕೂರಲು. ಡಿಕ್ಕಿಯ ಲೀಟರ್ ಲೆಕ್ಕ ಓದುವುದಕ್ಕಿಂತ ಮನೆಯ ದೊಡ್ಡ ಸೂಟ್‌ಕೇಸನ್ನೇ ಶೋರೂಮಿಗೆ ಒಯ್ದು ಇಟ್ಟು ನೋಡಿ. ಸುರಕ್ಷತೆಗೆ 2023ರ ಅಕ್ಟೋಬರ್‌ನಿಂದ ಭಾರತ್ ಎನ್‌ಸಿಎಪಿ ಎಂಬ ಅಪಘಾತ ಪರೀಕ್ಷೆಯ ನಕ್ಷತ್ರಗಳಿವೆ. ದೊಡ್ಡವರಿಗೆ ಬೇರೆ, ಮಕ್ಕಳಿಗೆ ಬೇರೆ ಅಂಕ ಇರುತ್ತದೆ, ಎರಡನ್ನೂ ನೋಡಬೇಕು.

ಟೆಸ್ಟ್ ಡ್ರೈವಿಗೆ ಶೋರೂಮಿನವರು ಸಾಮಾನ್ಯವಾಗಿ ನುಣುಪಾದ ಡಾಂಬರು ರಸ್ತೆಗೇ ಕರೆದೊಯ್ಯುತ್ತಾರೆ. ನಿಮ್ಮ ಬೀದಿಗೇ ತರಲು ಹೇಳಿ. ಮಂಡಿ ನೋವಿರುವ ಅತ್ತೆಯೋ ಅಮ್ಮನೋ ಹತ್ತಿ ಇಳಿಯಲಿ: ಸೀಟು ತೀರಾ ತಗ್ಗಾದರೆ ಏಳುವಾಗ ಮಂಡಿಗೆ ಭಾರ, ತೀರಾ ಎತ್ತರವಾದರೆ ಕಾಲು ಎತ್ತುವುದೇ ಕಷ್ಟ. ಸೊಂಟದ ಮಟ್ಟಕ್ಕೆ ಬರುವ ಸೀಟು ಅವರಿಗೆ ಸರಿ. ಆಮೇಲೆ ಸ್ಟೀರಿಂಗನ್ನು ಬೇರೆಯವರ ಕೈಗೆ ಕೊಟ್ಟು, ಇಎಂಐ ಕಟ್ಟುವವರು ಹಿಂದೆ ಕೂತು ಒಂದು ಸುತ್ತು ಬರಲಿ. ತೊಡೆಯ ಕೆಳಗೆ ಸೀಟಿನ ಆಸರೆ ಸಿಗುತ್ತದೋ ಇಲ್ಲವೋ ಮೊದಲ ಹಂಪಿನಲ್ಲೇ ಗೊತ್ತಾಗುತ್ತದೆ.