ದಿನ ತುಂಬದ ಹೆರಿಗೆಗೆ ಸ್ಟೀರಾಯ್ಡ್ ಇಂಜೆಕ್ಷನ್ ಯಾಕೆ?

ಪ್ರಶ್ನೆ: ನನ್ನ ತಂಗಿಗೆ ಈಗ 31 ವಾರ. ಹೊಟ್ಟೆ ನೋವು ಬಂತೆಂದು ಆಸ್ಪತ್ರೆಗೆ ಹೋದರೆ, ಹೆರಿಗೆ ಬೇಗ ಆಗಬಹುದು, ಸ್ಟೀರಾಯ್ಡ್ ಇಂಜೆಕ್ಷನ್ ಕೊಡಬೇಕು ಎಂದರು. ಸ್ಟೀರಾಯ್ಡ್ ಅಂದರೆ ಮಗುವಿಗೆ ತೊಂದರೆ ಅಲ್ವಾ?

ಉತ್ತರ: ಆ ಹೆಸರು ಕೇಳಿದರೆ ಯಾರಿಗಾದರೂ ಭಯವಾಗುತ್ತದೆ. ಜಿಮ್‌ಗೆ ಹೋಗುವವರು ಮೈ ಬೆಳೆಸಲು ತೆಗೆದುಕೊಳ್ಳುವ ಸ್ಟೀರಾಯ್ಡ್ ಬೇರೆ, ಇದು ಬೇರೆ. ಚುಚ್ಚುವುದು ತಾಯಿಗಾದರೂ ಈ ಔಷಧಿ ಮಗುವಿಗಾಗಿ. ಮಾಸಿನ ಮೂಲಕ ಮಗುವನ್ನು ಸೇರಿ, ಅದರ ಶ್ವಾಸಕೋಶವನ್ನು ಬೇಗ ಬಲಿಯುವಂತೆ ಮಾಡುತ್ತದೆ.

ಒದ್ದೆಯಾದ ಪ್ಲಾಸ್ಟಿಕ್ ಕವರ್ ಒಳಗೆ ಅಂಟಿಕೊಂಡಿದ್ದರೆ ಬಿಡಿಸುವುದು ಎಷ್ಟು ಕಷ್ಟ ನೋಡಿ. ದಿನ ತುಂಬದ ಮಗುವಿನ ಶ್ವಾಸಕೋಶದ ಪುಟ್ಟ ಗಾಳಿಚೀಲಗಳದ್ದೂ ಅದೇ ಕಷ್ಟ. ಅವು ಅಂಟಿಕೊಳ್ಳದಂತೆ ನೋಡಿಕೊಳ್ಳುವ ಜಿಡ್ಡಿನಂಥ ವಸ್ತುವೊಂದಿದೆ, ಸರ್ಫ್ಯಾಕ್ಟಂಟ್ ಎಂದು ಅದರ ಹೆಸರು. ಅದು ಸಾಕಷ್ಟು ತಯಾರಾಗುವುದು ಗರ್ಭದ ಕೊನೆಯ ವಾರಗಳಲ್ಲಿ. 1963ರಲ್ಲಿ ಅಮೆರಿಕದ ಅಧ್ಯಕ್ಷ ಕೆನಡಿಯವರ ಮಗ ಪ್ಯಾಟ್ರಿಕ್ ಐದೂವರೆ ವಾರ ಮೊದಲೇ ಹುಟ್ಟಿ, ಉಸಿರಾಟದ ಇದೇ ತೊಂದರೆಯಿಂದ ಎರಡು ದಿನ ತುಂಬುವ ಮೊದಲೇ ತೀರಿಕೊಂಡ. ಅಧ್ಯಕ್ಷರ ಮಗುವಿಗೂ ಆಗ ಔಷಧಿ ಇರಲಿಲ್ಲ.

ದಾರಿ ಸಿಕ್ಕಿದ್ದು ಒಂದು ಕುರಿಮರಿಯಿಂದ. ನ್ಯೂಜಿಲೆಂಡಿನ ಆಕ್ಲೆಂಡ್‌ನಲ್ಲಿ ಗ್ರಹಾಂ ಲಿಗಿನ್ಸ್ ಎಂಬ ಹೆರಿಗೆ ವೈದ್ಯರಿದ್ದರು. ಹೆರಿಗೆ ಶುರುವಾಗುವ ಹೊತ್ತನ್ನು ಗೊತ್ತು ಮಾಡುವುದು ತಾಯಿಯೋ, ಮಗುವೋ? ಇದು ಅವರ ಪ್ರಶ್ನೆ. ಗಬ್ಬದ ಕುರಿಗಳ ಹೊಟ್ಟೆಯೊಳಗಿನ ಮರಿಗೆ ಸ್ಟೀರಾಯ್ಡ್ ಕೊಟ್ಟು ನೋಡಿದರು. ಹೆರಿಗೆ ಬೇಗ ಆಯಿತು. ಆದರೆ ಅಷ್ಟು ಮೊದಲೇ ಹುಟ್ಟಿದ, ಬದುಕಲು ಸಾಧ್ಯವೇ ಇಲ್ಲದ ಮರಿಯೊಂದು ಉಸಿರಾಡುತ್ತಿತ್ತು! ಮರಿ ಹೇಗೂ ಸಾಯುವುದೇ ಎಂದು ಸುಮ್ಮನೆ ಬಿಡದೆ, ಇದು ಉಸಿರಾಡುತ್ತಿರುವುದು ಹೇಗೆ ಎಂದು ಅವರು ಕೇಳಿಕೊಂಡರಲ್ಲ, ಆ ಪ್ರಶ್ನೆಯಿಂದ ಎಷ್ಟೋ ಮಕ್ಕಳು ಉಳಿದಿದ್ದಾರೆ.

ಆಮೇಲೆ ಮಕ್ಕಳ ವೈದ್ಯ ರಾಸ್ ಹೋವಿಯವರ ಜೊತೆ ಸೇರಿ 282 ತಾಯಂದಿರ ಮೇಲೆ ಅಧ್ಯಯನ ನಡೆಸಿ, 1972ರಲ್ಲಿ ಪ್ರಕಟಿಸಿದರು. ಔಷಧಿ ಸಿಗದ ಗುಂಪಿನಲ್ಲಿ ಉಸಿರಾಟದ ತೊಂದರೆ ಬಂದ ಮಕ್ಕಳು ಶೇ. 25.8. ಸಿಕ್ಕ ಗುಂಪಿನಲ್ಲಿ ಶೇ. 9. ಹುಟ್ಟಿದ ಮೊದಲ ದಿನಗಳ ಸಾವು ಶೇ. 15ರಿಂದ 3.2ಕ್ಕೆ ಇಳಿದಿತ್ತು. ಇಷ್ಟು ಸ್ಪಷ್ಟವಾಗಿದ್ದರೂ ಎಲ್ಲ ಕಡೆ ಬಳಕೆಗೆ ಬರಲು ಇಪ್ಪತ್ತು ವರ್ಷಕ್ಕಿಂತ ಜಾಸ್ತಿ ಹಿಡಿಯಿತು. ಅದನ್ನು ನೆನೆದರೆ ನನಗೆ ಈಗಲೂ ಸಂಕಟವಾಗುತ್ತದೆ.

ಮಗುವಿಗೆ ತೊಂದರೆ ಅಲ್ವಾ ಎಂದು ಕೇಳಿದ್ದೀರಿ. ಆಕ್ಲೆಂಡ್‌ನ ಅದೇ ಮಕ್ಕಳನ್ನು ಅವರ ಮೂವತ್ತನೇ ವಯಸ್ಸಿನಲ್ಲಿ ಮತ್ತೆ ಪರೀಕ್ಷಿಸಿದರು. ರಕ್ತದೊತ್ತಡ, ಕೊಲೆಸ್ಟ್ರಾಲ್, ಸಕ್ಕರೆ ಕಾಯಿಲೆ ಯಾವುದರಲ್ಲೂ ಎರಡು ಗುಂಪಿನ ನಡುವೆ ಹೇಳಿಕೊಳ್ಳುವಂಥ ವ್ಯತ್ಯಾಸ ಇರಲಿಲ್ಲ.

ಹಾಗಂತ ಇದನ್ನು ಯಾರಿಗೆ, ಎಲ್ಲಿ ಬೇಕಾದರೂ ಕೊಡಬಹುದಾ? ಇಲ್ಲ. ಇದಕ್ಕೆ ನಮ್ಮ ಬೆಳಗಾವಿಯೇ ಸಾಕ್ಷಿ. ಬೆಳಗಾವಿಯೂ ಸೇರಿ ಆರು ದೇಶಗಳ ಹಳ್ಳಿಗಳಲ್ಲಿ ಈ ಇಂಜೆಕ್ಷನ್ನನ್ನು ಹೆಚ್ಚೆಚ್ಚು ತಾಯಂದಿರಿಗೆ ಮುಟ್ಟಿಸುವ ದೊಡ್ಡ ಅಧ್ಯಯನವೊಂದು ನಡೆಯಿತು. 2015ರಲ್ಲಿ ಲ್ಯಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಬಂದ ಅದರ ಫಲಿತಾಂಶ ಎಲ್ಲರನ್ನೂ ಬೆಚ್ಚಿಬೀಳಿಸಿತು. ತೀರಾ ಕಡಿಮೆ ತೂಕದಲ್ಲಿ ಹುಟ್ಟಿದ ಮಕ್ಕಳ ಸಾವು ಕಡಿಮೆಯಾಗಲಿಲ್ಲ. ಒಟ್ಟಾರೆ ನವಜಾತ ಶಿಶುಗಳ ಸಾವು ಸ್ವಲ್ಪ ಜಾಸ್ತಿಯೇ ಆಯಿತು, ತಾಯಂದಿರಲ್ಲಿ ಸೋಂಕಿನ ಅನುಮಾನವೂ ಹೆಚ್ಚಿತು. ದಿನ ತುಂಬಿದ ಎಷ್ಟೋ ತಾಯಂದಿರಿಗೂ ಔಷಧಿ ಹೋಗಿತ್ತು.

ಆಗ ವಿಶ್ವ ಆರೋಗ್ಯ ಸಂಸ್ಥೆ ಮತ್ತೊಂದು ಅಧ್ಯಯನ ನಡೆಸಿತು. ಅದರಲ್ಲೂ ಬೆಳಗಾವಿ ಇತ್ತು. ಈ ಸಲ ಒಳ್ಳೆಯ ಆರೈಕೆ ಇರುವ ಆಸ್ಪತ್ರೆಗಳಲ್ಲಿ ಮಾತ್ರ, ಸ್ಕ್ಯಾನಿಂಗ್‌ನಲ್ಲಿ ವಾರ ಖಚಿತ ಮಾಡಿಕೊಂಡು, 26ರಿಂದ 34 ವಾರದೊಳಗಿನ 2,852 ತಾಯಂದಿರನ್ನು ಸೇರಿಸಿಕೊಂಡರು. ನವಜಾತ ಶಿಶುಗಳ ಸಾವು ಶೇ. 23.5ರಿಂದ 19.6ಕ್ಕೆ ಇಳಿಯಿತು. ಲಾಭ ಖಚಿತವಾಯಿತೆಂದು ಅಧ್ಯಯನವನ್ನು ಅವಧಿಗೆ ಮೊದಲೇ ನಿಲ್ಲಿಸಿ, 2020ರಲ್ಲಿ ಪ್ರಕಟಿಸಿದರು. ಔಷಧಿ ಅದೇ. ಬದಲಾದದ್ದು ಜಾಗ ಮತ್ತು ಸಮಯ.

ನಿಮ್ಮ ತಂಗಿಗೆ 31 ವಾರ. ಈ ಔಷಧಿ ಕೆಲಸಕ್ಕೆ ಬರುವ ಹೊತ್ತೇ ಅದು. ನಮ್ಮಲ್ಲಿ ಸಾಮಾನ್ಯವಾಗಿ ಕೊಡುವುದು ಡೆಕ್ಸಾಮೆಥಾಸೋನ್, 12 ಗಂಟೆಗೊಂದರಂತೆ ನಾಲ್ಕು ಸಲ. ಮೊದಲ ಡೋಸ್ ಆಗಿ ಒಂದು ದಿನ ಕಳೆದು, ವಾರದೊಳಗೆ ಹೆರಿಗೆಯಾದರೆ ಲಾಭ ಜಾಸ್ತಿ. ಅದಕ್ಕೇ ವೈದ್ಯರು ಅವಸರ ಮಾಡುತ್ತಾರೆ. ಶುಗರ್ ಇದ್ದರೆ ಮೊದಲೇ ಹೇಳಿ, ಕೆಲವು ದಿನ ಅದು ಏರುತ್ತದೆ. ಜ್ವರ ಬಂದಿದ್ದರೆ, ನೀರು ಹೋಗುತ್ತಿದ್ದರೆ ಅದನ್ನೂ ಮುಚ್ಚಿಡಬೇಡಿ. ಹುಟ್ಟಿದ ಮಗುವನ್ನು ನೋಡಿಕೊಳ್ಳಲು ಎನ್‌ಐಸಿಯು, ಅಂದರೆ ನವಜಾತ ಶಿಶುಗಳ ತೀವ್ರ ನಿಗಾ ಘಟಕ, ಅಲ್ಲೇ ಇದೆಯಾ ಎಂದು ಕೇಳಿ. ಮೊದಲ ಮೂರು ತಿಂಗಳಲ್ಲಿ ಮಾಡಿಸಿದ ಸ್ಕ್ಯಾನಿಂಗ್ ರಿಪೋರ್ಟನ್ನು ಮನೆಯಲ್ಲಿ ಬಿಟ್ಟು ಹೋಗಬೇಡಿ. ವಾರದ ಲೆಕ್ಕ ಸರಿಯಾಗಿ ಸಿಗುವುದು ಅದರಲ್ಲೇ.